ಬರಿದೆಂದು ಬಗೆದ ನೆತ್ತರು

ಹದಿನಾಲ್ಕನೆಯ ಲೂಯಿ ಫ್ರಾನ್ಸನ್ನು ಆಳುತ್ತಿದ್ದ ಕಾಲವದು. 1667ರ ಜೂನ್ ತಿಂಗಳಲ್ಲಿ, ಆ ದೊರೆಯ ವೈದ್ಯನೆನಿಸಿಕೊಂಡಿದ್ದ ಝಾಂ ಬತೀಸ್ತ್ ದೆನಿ ಎಂಬಾತ ಜ್ವರದಲ್ಲಿ ಬಳಲಿ ಬೆಂಡಾಗಿದ್ದ 15 ವರ್ಷದ ಹುಡುಗನೊಬ್ಬನ ರಕ್ತನಾಳಕ್ಕೆ ಕುರಿಮರಿಯ ರಕ್ತವನ್ನು ಹರಿಸಿದ. ಹುಡುಗ ಉಳಿದುಕೊಂಡ. ಅದಕ್ಕೂ ಮೊದಲು ಪ್ಯಾರಿಸ್ಸಿನ ವೈದ್ಯರು ಜ್ವರ ಇಳಿಸುವೆವೆಂದು ಅವನ ಮೈಯಿಂದ 20 ಸಲ ರಕ್ತ ತೆಗೆದು ಚೆಲ್ಲಿದ್ದರು. ಅದನ್ನು ತಾಳಿಕೊಂಡ ಜೀವಕ್ಕೆ ಕುರಿಯ ರಕ್ತ ಯಾವ ಲೆಕ್ಕ! ಗೆಲುವಿನಿಂದ ಬೀಗಿದ ದೆನಿ, ಅದೇ ವರ್ಷದ ಚಳಿಗಾಲದಲ್ಲಿ ಬುದ್ಧಿಭ್ರಮಣೆಯಾಗಿ ಬೀದಿ ಅಲೆಯುತ್ತಿದ್ದ ಆಂತ್ವಾನ್ ಮೊರುವಾ ಎಂಬವನಿಗೆ ಕರುವಿನ ರಕ್ತ ಕೊಟ್ಟ. ಕರು ಸಾಧುಪ್ರಾಣಿ, ಅದರ ರಕ್ತ ಹರಿದರೆ ಹುಚ್ಚನ ಆವೇಶವೂ ತಣಿದೀತು ಎಂಬುದು ಆ ಕಾಲದ ತರ್ಕ.

ಮೊದಲ ಸಲ ಅಷ್ಟಾಗಿ ತೊಂದರೆಯಾಗಲಿಲ್ಲ. ಎರಡನೆಯ ಸಲ ರಕ್ತ ಒಳಸೇರುತ್ತಿದ್ದಂತೆಯೇ ಮೊರುವಾನ ತೋಳು ಕಾದಿತು, ನಾಡಿ ಏರಿತು, ಹಣೆಯ ತುಂಬ ಬೆವರು, ಸೊಂಟದಲ್ಲಿ ತಡೆಯಲಾರದ ನೋವು, ವಾಂತಿ. ಮರುದಿನ ಅವನ ಮೂತ್ರ ಹೊಗೆಗೂಡಿನ ಮಸಿ ಕಲಸಿದಷ್ಟು ಕಪ್ಪಾಗಿತ್ತು. ದೆನಿ ಇದನ್ನೆಲ್ಲ ಒಂದೂ ಬಿಡದೆ ಬರೆದಿಟ್ಟ. ಹೊಂದದ ರಕ್ತ ಮೈಸೇರಿದಾಗ ಕೆಂಪು ಕಣಗಳು ಒಡೆದು, ಅವುಗಳ ಬಣ್ಣ ಮೂತ್ರಪಿಂಡದ ಮೂಲಕ ಹೊರಬೀಳುವ ಅನಾಹುತದ ಮೊದಲ ನಿಷ್ಠಾವಂತ ವರದಿ ಅದು. ತಾನು ಬರೆದುದೇನೆಂದು ಬರೆದವನಿಗೇ ತಿಳಿದಿರಲಿಲ್ಲ. 1668ರಲ್ಲಿ ಮೊರುವಾ ಸತ್ತ. ಪ್ರಕರಣ ನ್ಯಾಯಾಲಯ ಹತ್ತಿತು, ಹೆಂಡತಿಯೇ ಪಾಷಾಣವಿಕ್ಕಿದಳೆಂಬ ಅನುಮಾನ ಎದ್ದಿತು, ದೆನಿ ಪಾರಾದ. ಆದರೆ ರಕ್ತಪೂರಣ ಪಾರಾಗಲಿಲ್ಲ. ಫ್ರಾನ್ಸಿನಲ್ಲಿ ಅದಕ್ಕೆ ನಿಷೇಧ ಬಿತ್ತು, ಉಳಿದ ಯುರೋಪೂ ಕೈಬಿಟ್ಟಿತು. ಆ ಕಾಲದ ರಾಜಶಾಸನಗಳಲ್ಲಿ ಪ್ರಜೆಗಳ ಪ್ರಾಣ ಉಳಿಸಿದ್ದು ಇದೊಂದೇ ಇರಬೇಕು.

ಒಂದೂವರೆ ಶತಮಾನ ಕಳೆದ ಮೇಲೆ, 1818ರಲ್ಲಿ, ಲಂಡನ್ನಿನ ಪ್ರಸೂತಿ ವೈದ್ಯ ಜೇಮ್ಸ್ ಬ್ಲಂಡೆಲ್ ಮತ್ತೆ ಈ ಕೆಲಸಕ್ಕೆ ಕೈಹಾಕಿದರು. ಹೆರಿಗೆಯಲ್ಲಿ ರಕ್ತಸ್ರಾವವಾಗಿ ಹೆಂಗಸರು ಕಣ್ಣೆದುರೇ ಬಿಳಿಚಿಕೊಂಡು ಸಾಯುವುದನ್ನು ಕಂಡು ಸೋತವರು ಅವರು. ಮನುಷ್ಯರಿಗೆ ಮನುಷ್ಯರ ರಕ್ತವೇ ಆಗಬೇಕೆಂಬ ನಿಯಮವನ್ನು ಅವರು ಕಟ್ಟಿದರು. ಆದರೂ ಕೆಲವರು ಬದುಕಿದರು, ಕೆಲವರು ಸತ್ತರು. ಯಾರು ಬದುಕುವರೆಂದು ಮುನ್ನ ಹೇಳುವ ದಾರಿ ಯಾರಿಗೂ ಗೊತ್ತಿರಲಿಲ್ಲ. ಬೇಸತ್ತ ನ್ಯೂಯಾರ್ಕಿನ ಕೆಲವು ವೈದ್ಯರು 1870ರ ದಶಕದಲ್ಲಿ ರಕ್ತದ ಬದಲು ಹಾಲನ್ನೇ ನಾಳಕ್ಕೆ ಬಿಟ್ಟು ನೋಡಿದರು. ಅದನ್ನು ಇಲ್ಲಿಗೇ ಬಿಡೋಣ.

ಬಾಗಿಲು ತೆರೆದದ್ದು ವಿಯೆನ್ನಾದಲ್ಲಿ. ಅಲ್ಲಿನ ರೋಗಶಾಸ್ತ್ರ ಸಂಸ್ಥೆಯಲ್ಲಿ ಹೆಣ ಕೊಯ್ಯುವುದೇ ನಿತ್ಯದ ಉದ್ಯೋಗವಾಗಿದ್ದ ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ಮಿತಭಾಷಿ ಇದ್ದರು. ಸುಮಾರು ಹತ್ತು ವರ್ಷಗಳಲ್ಲಿ ಅವರು ಮಾಡಿದ ಶವಪರೀಕ್ಷೆಗಳು ಹತ್ತಿರ ಹತ್ತಿರ 3,600. ಆರೋಗ್ಯವಂತನ ರಕ್ತದ ತಿಳಿ, ಅಂದರೆ ಸೀರಂ, ಮತ್ತೊಬ್ಬ ಆರೋಗ್ಯವಂತನ ಕೆಂಪು ಕಣಗಳನ್ನು ಗಂಟುಗಟ್ಟಿಸುವುದುಂಟೆಂದು 1900ರಲ್ಲಿ ಅವರು ಮೊದಲು ದಾಖಲಿಸಿದ್ದು ಬೇರಾವುದೋ ವಿಷಯದ ಪ್ರಬಂಧವೊಂದರ ಅಡಿಟಿಪ್ಪಣಿಯಲ್ಲಿ. ಇದು ರೋಗಾಣುಗಳ ಕಿತಾಪತಿಯೋ, ಮನುಷ್ಯ ಮನುಷ್ಯರ ನಡುವಿನ ಹುಟ್ಟುಗುಣದ ಭೇದವೋ ಎಂಬ ಪ್ರಶ್ನೆಯನ್ನೂ ಅಲ್ಲಿಯೇ ಇಟ್ಟರು. ಉತ್ತರಕ್ಕಾಗಿ ದೂರ ಹೋಗಲಿಲ್ಲ. ತಮ್ಮ ರಕ್ತವನ್ನೂ ಪ್ರಯೋಗಶಾಲೆಯ ಐವರು ಸಹೋದ್ಯೋಗಿಗಳ ರಕ್ತವನ್ನೂ ತೆಗೆದು, ಸೀರಂ ಬೇರೆ ಕಣ ಬೇರೆ ಮಾಡಿ, ಪ್ರತಿಯೊಬ್ಬರ ಸೀರಮ್ಮನ್ನು ಪ್ರತಿಯೊಬ್ಬರ ಕಣಗಳೊಡನೆ ಬೆರೆಸಿದರು. ಆರಕ್ಕೆ ಆರು, 36 ಜೋಡಿ. ಯಾರ ಸೀರಮ್ಮೂ ಅವರವರ ಕಣಗಳನ್ನು ಮುಟ್ಟಲಿಲ್ಲ. ಆದರೆ ಪರರ ಕಣಗಳ ಮೇಲೆ ಒಂದು ಕಡೆ ಗಂಟು, ಇನ್ನೊಂದು ಕಡೆ ನಿರ್ಮಲ. ಆ ಕೋಷ್ಟಕದಿಂದ ಮೂರು ಗುಂಪುಗಳು ಎದ್ದು ಬಂದವು. 1901ರ ಲೇಖನದಲ್ಲಿ ಅವಕ್ಕೆ ಎ, ಬಿ, ಸಿ ಎಂದು ಹೆಸರಿಟ್ಟರು. ಮರುವರ್ಷ ಅವರ ಸಹೋದ್ಯೋಗಿ ಸ್ಟುರ್ಲಿ ಮತ್ತು ಡೆಕಾಸ್ಟೆಲ್ಲೊ ನಾಲ್ಕನೆಯದನ್ನೂ ಕಂಡರು; ಅದೇ ಎಬಿ.

ಕಣದ ಮೇಲೆ ಯಾವ ಗುರುತು ಇಲ್ಲವೋ ಆ ಗುರುತಿನ ವಿರುದ್ಧದ ಪ್ರತಿಕಾಯ ಸೀರಮ್ಮಿನಲ್ಲಿ ಇದ್ದೇ ಇರುತ್ತದೆ ಎಂಬುದು ಲ್ಯಾಂಡ್‌ಸ್ಟೈನರ್ ಕಂಡ ನಿಯಮ. ಎ ಗುಂಪಿನವನಲ್ಲಿ ಬಿ ವಿರೋಧಿ, ಬಿ ಗುಂಪಿನವನಲ್ಲಿ ಎ ವಿರೋಧಿ. ಇದರಲ್ಲಿ ಒಂದು ವಿಚಿತ್ರವಿದೆ. ಸಿಡುಬಿನ ಪ್ರತಿಕಾಯ ಬೇಕಾದರೆ ಸಿಡುಬಿನ ಅಥವಾ ಅದರ ಲಸಿಕೆಯ ಸಂಪರ್ಕ ಆಗಬೇಕು. ಪರರ ರಕ್ತವನ್ನು ಕನಸಿನಲ್ಲಿಯೂ ಕಾಣದವನ ಮೈಯಲ್ಲಿ ಅದರ ವಿರೋಧಿ ಎಲ್ಲಿಂದ ಬಂತು? ಹಸುಗೂಸುಗಳಲ್ಲಿ ಇದು ಇರುವುದಿಲ್ಲ. ಹುಟ್ಟಿ ಕೆಲವು ತಿಂಗಳಾದ ಮೇಲೆ ತಲೆದೋರುತ್ತದೆ. ಜಾರ್ಜ್ ಸ್ಪ್ರಿಂಗರ್ ಮತ್ತು ಸಂಗಡಿಗರು ರೋಗಾಣುಗಳ ಸೋಂಕೇ ಇಲ್ಲದಂತೆ ಕೋಳಿಮರಿಗಳನ್ನು ಸಾಕಿ, ಅವುಗಳಲ್ಲಿ ಬಿ ವಿರೋಧಿ ಪ್ರತಿಕಾಯ ಮೂಡದೆಂದು 1959ರಲ್ಲಿ ತೋರಿಸಿದರು. ಎ, ಬಿ ಎಂಬ ಗುರುತುಗಳು ಕಣದ ಮೇಲ್ಮೈಯ ಸಕ್ಕರೆಯ ಸರಪಳಿಗಳು. ಅಂಥವೇ ಸಕ್ಕರೆಗಳು ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೆಯೂ ಇವೆ. ಶರೀರ ಅವುಗಳ ವಿರುದ್ಧ ಸಜ್ಜಾದದ್ದು ಪರರ ರಕ್ತಕ್ಕೂ ನಾಟುತ್ತದೆ.

ಇನ್ನು ಲ್ಯಾಂಡ್‌ಸ್ಟೈನರ್ ಸಿ ಎಂದ ಗುಂಪು, ಮುಂದೆ ಓ ಎನಿಸಿಕೊಂಡದ್ದು. ಅದರ ಕಣಗಳನ್ನು ಯಾವ ಸೀರಮ್ಮೂ ಗಂಟುಗಟ್ಟಿಸಲಿಲ್ಲ. ಆದ್ದರಿಂದ ಅಲ್ಲಿ ಎಯೂ ಇಲ್ಲ, ಬಿಯೂ ಇಲ್ಲ, ಅಂದರೆ ಏನೂ ಇಲ್ಲ ಎಂದು ಎಲ್ಲರೂ ತಿಳಿದರು. ಲ್ಯಾಂಡ್‌ಸ್ಟೈನರರ ಸ್ವಂತ ರಕ್ತವೂ ಅದೇ ಗುಂಪಿನದು. ಈ ‘ಏನೂ ಇಲ್ಲ’ ಎಂಬ ತಿಳಿವಳಿಕೆ ಅರ್ಧ ಶತಮಾನ ಬಾಳಿತು. ಅದು ಮುರಿದದ್ದು ವಿಯೆನ್ನಾದಲ್ಲಲ್ಲ.

ಲ್ಯಾಂಡ್‌ಸ್ಟೈನರರ ಶೋಧ ಬಂದರೂ ಆಸ್ಪತ್ರೆಗಳು ಎಚ್ಚೆತ್ತುಕೊಳ್ಳಲು ವರ್ಷಗಳೇ ಹಿಡಿದವು. ಕೊಡುವ ಮುನ್ನ ಎರಡೂ ರಕ್ತವನ್ನು ಬೆರೆಸಿ ಪರೀಕ್ಷಿಸುವ ಪದ್ಧತಿಯನ್ನು ನ್ಯೂಯಾರ್ಕಿನ ರೂಬೆನ್ ಆಟೆನ್‌ಬರ್ಗ್ 1907ರಲ್ಲಿ ತಂದರು. ಅದೇ ವರ್ಷ ಪ್ರಾಗ್‌ನ ಯಾನ್ ಯಾನ್ಸ್ಕಿ ಗುಂಪುಗಳಿಗೆ ಒಂದರಿಂದ ನಾಲ್ಕರವರೆಗೆ ಅಂಕಿ ಕೊಟ್ಟರೆ, 1910ರಲ್ಲಿ ಅಮೆರಿಕದ ವಿಲಿಯಂ ಮಾಸ್ ಒಂದನ್ನೂ ನಾಲ್ಕನ್ನೂ ಅದಲುಬದಲು ಮಾಡಿ ಎಣಿಸಿದರು. ಪ್ರಾಣದ ವಿಷಯದಲ್ಲಿ ಇಂಥ ಗೊಂದಲ ಯಾವ ಶತ್ರುವಿಗೂ ಬೇಡ.

ಗುಂಪು ತಂದೆತಾಯಿಯರಿಂದ ಬರುವುದೆಂದು ಸಿದ್ಧವಾದದ್ದು ಹೈಡಲ್‌ಬರ್ಗಿನಲ್ಲಿ. 1910ರಲ್ಲಿ ಎಮಿಲ್ ಫಾನ್ ಡುಂಗರ್ನ್ ಮತ್ತು ಪೋಲೆಂಡಿನಿಂದ ಬಂದ ತರುಣ ಲುಡ್ವಿಕ್ ಹಿರ್ಷ್‌ಫೆಲ್ಡ್, ಊರಿನ ಪ್ರಾಧ್ಯಾಪಕರ ಮನೆಮನೆಗಳಿಂದ 72 ಕುಟುಂಬಗಳ ರಕ್ತ ಸಂಗ್ರಹಿಸಿದರು. ತಂದೆಯಲ್ಲೂ ತಾಯಿಯಲ್ಲೂ ಇಲ್ಲದ ಎ ಅಥವಾ ಬಿ ಮಗುವಿನಲ್ಲಿ ಬರುವುದಿಲ್ಲವೆಂದು ಕಂಡು, ಮೆಂಡೆಲನ ಬಟಾಣಿಯ ನಿಯಮ ಮನುಷ್ಯರಿಗೂ ಸಲ್ಲುವುದೆಂದು ಸಾರಿದರು. ಎ, ಬಿ, ಎಬಿ, ಓ ಎಂಬ ಈಗಿನ ಹೆಸರುಗಳು ಬೇರುಬಿಟ್ಟದ್ದೂ ಅವರಿಂದಲೇ.

ಅಷ್ಟರಲ್ಲಿ ಮಹಾಯುದ್ಧ ಬಂತು. ಹಿರ್ಷ್‌ಫೆಲ್ಡ್ ಹಾಗೂ ಅವರ ಪತ್ನಿ, ಸ್ವತಃ ವೈದ್ಯೆಯಾಗಿದ್ದ ಹಾನ್ಕಾ, ಸರ್ಬಿಯಾದ ಸೇನೆಯ ಜೊತೆ ಗ್ರೀಸಿನ ಸಲೋನಿಕ ಸೇರಿದರು. ಆ ಬಂದರಿನಲ್ಲಿ ಆಗ ಭೂಮಂಡಲವೇ ಬಿಡಾರ ಹೂಡಿತ್ತು: ಇಂಗ್ಲಿಷರು, ಫ್ರೆಂಚರು, ಸರ್ಬರು, ಗ್ರೀಕರು, ರಷ್ಯನ್ನರು, ಸೆನೆಗಲಿನವರು, ಮಡಗಾಸ್ಕರಿನವರು, ಅನ್ನಾಮಿನವರು, ಬ್ರಿಟಿಷರ ಬಾವುಟದ ಕೆಳಗೆ ಬಂದ ಭಾರತೀಯ ಸಿಪಾಯಿಗಳು, ಸೆರೆಸಿಕ್ಕ ಬಲ್ಗೇರಿಯನ್ನರು. ದಂಪತಿ ಎಂಟು ಸಾವಿರಕ್ಕೂ ಹೆಚ್ಚು ಮಂದಿಯ ರಕ್ತ ಪರೀಕ್ಷಿಸಿದರು. ವಿಜ್ಞಾನಕ್ಕಾಗಿ ಎಂದರೆ ಇಂಗ್ಲಿಷರು ಕೈಚಾಚುತ್ತಿದ್ದರಂತೆ. ಫ್ರೆಂಚರಿಗೆ ಮಾತ್ರ, ಯಾರ ಸಂಗಡ ತಪ್ಪುಹೆಜ್ಜೆ ಇಟ್ಟರೆ ಸಿಕ್ಕಿಬೀಳುವುದಿಲ್ಲವೆಂದು ಇದರಿಂದ ತಿಳಿಯುತ್ತದೆಂದು ಹೇಳಬೇಕಾಗುತ್ತಿತ್ತಂತೆ. ಫಲಿತಾಂಶ 1919ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಂಗ್ಲಿಷರಲ್ಲಿ ಬಿ ಗುಂಪು ನೂರಕ್ಕೆ 7ರ ಆಸುಪಾಸು, ಭಾರತೀಯರಲ್ಲಿ 41.2. ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಎ ಇಳಿಯುತ್ತದೆ, ಬಿ ಏರುತ್ತದೆ. ಬಿಯ ತವರು ಭಾರತವೇ ಇರಬೇಕೆಂದು ಅವರು ಊಹಿಸಿದರು. ಆ ಊಹೆ ನಿಲ್ಲಲಿಲ್ಲ, ಅಂಕಿಗಳು ನಿಂತವು.

ಆ ಅಂಕಿಗಳೇ ಹಿರ್ಷ್‌ಫೆಲ್ಡರ ಹಳೆಯ ಸಿದ್ಧಾಂತವನ್ನು ಉರುಳಿಸಿದ್ದು ಚರಿತ್ರೆಯ ಚೋದ್ಯ. ಎ ಮತ್ತು ಬಿ ಎರಡೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಜೋಡಿ ವಂಶವಾಹಿಗಳಿಂದ ಬರುತ್ತವೆ ಎಂದು ಹೈಡಲ್‌ಬರ್ಗಿನ ಜೋಡಿ ಹೇಳಿತ್ತು. ಗಟಿಂಗನ್‌ನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ ರಕ್ತ ಮುಟ್ಟದೆ, ಪೆನ್ಸಿಲು ಹಿಡಿದೇ ಇದನ್ನು ಪರೀಕ್ಷಿಸಿದರು. ನಮ್ಮ ಸಿಪಾಯಿಗಳ ಲೆಕ್ಕವನ್ನೇ ತೆಗೆದುಕೊಳ್ಳಿ: ಎ 19, ಬಿ 41.2, ಎಬಿ 8.5, ಓ 31.3. ಹಳೆಯ ಸಿದ್ಧಾಂತ ನಿಜವಾದರೆ ಎಬಿಯವರು ನೂರಕ್ಕೆ ಸುಮಾರು 13.7 ಇರಬೇಕಿತ್ತು. ವಂಶವಾಹಿಯ ನೆಲೆ ಒಂದೇ, ಅಲ್ಲಿ ಕೂರಬಲ್ಲ ರೂಪಗಳು ಮೂರು, ಒಬ್ಬರಲ್ಲಿ ಇರುವುದು ಎರಡು ಎಂದು ಬರ್ನ್‌ಸ್ಟೈನ್ 1924ರಲ್ಲಿ ಹೇಳಿದಂತೆ ಗುಣಿಸಿದರೆ ಬರುವುದು 8.6. ಸಲೋನಿಕದ ಗುಡಾರಗಳಲ್ಲಿ ಬೆರಳು ಚುಚ್ಚಿಸಿಕೊಂಡ ಅನಾಮಿಕ ಸಿಪಾಯಿಗಳ ಸಾಕ್ಷ್ಯ ಅಷ್ಟು ಕರಾರುವಾಕ್ಕು. ಇದರಿಂದ ಒಂದು ಕಟ್ಟುನಿಟ್ಟಿನ ಶಾಸನ ಹೊರಟಿತು: ಓ ಗುಂಪಿನವರಿಗೆ ಎಬಿ ಮಗು ಹುಟ್ಟದು, ಎಬಿಯವರಿಗೆ ಓ ಮಗು ಹುಟ್ಟದು. ಬರ್ಲಿನ್ನಿನ ಫ್ರಿಟ್ಸ್ ಶಿಫ್ ಮೊದಲಾದವರು ರಕ್ತದ ಗುಂಪನ್ನು ಪಿತೃತ್ವದ ವ್ಯಾಜ್ಯಗಳಿಗೆ ಒಯ್ದರು. ನ್ಯಾಯಾಲಯಗಳೆಲ್ಲ ಅದಕ್ಕೆ ತಲೆಬಾಗಿದವೆಂದಲ್ಲ: 1945ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಾಯಿ ಎ, ಮಗು ಬಿ, ಚಾರ್ಲಿ ಚಾಪ್ಲಿನ್ ಓ ಎಂದು ಸಾಬೀತಾದರೂ ಪಂಚರು ಚಾಪ್ಲಿನ್ನನೇ ತಂದೆಯೆಂದು ತೀರ್ಮಾನ ಕೊಟ್ಟರು.

ಸಲೋನಿಕದ ಅಂಕಿಗಳಿಗೆ ಇನ್ನೊಂದು ಗತಿಯೂ ಒದಗಿತು. ಎ ರಕ್ತ ಶ್ರೇಷ್ಠ, ಬಿ ರಕ್ತ ಪೂರ್ವದಿಂದ ಬಂದ ಕಲಬೆರಕೆ ಎನ್ನುವವರು ಜರ್ಮನಿಯಲ್ಲಿ ಹುಟ್ಟಿಕೊಂಡು, 1926ರಲ್ಲಿ ರಕ್ತದ ಗುಂಪಿನ ಸಂಶೋಧನೆಗೆಂದೇ ಒಂದು ಸಂಘ ಕಟ್ಟಿದರು. ಯೆಹೂದಿ ಮೂಲದ ಬರ್ನ್‌ಸ್ಟೈನ್ 1933ರಲ್ಲಿ ಗಟಿಂಗನ್‌ನ ಪೀಠ ಕಳೆದುಕೊಂಡರು. ಅದೇ ಮೂಲದ ಹಿರ್ಷ್‌ಫೆಲ್ಡ್ ದಂಪತಿಯನ್ನು 1941ರಲ್ಲಿ ವಾರ್ಸಾದ ಗೆಟ್ಟೊಗೆ ತಳ್ಳಲಾಯಿತು. ಅಲ್ಲಿಯೂ ಅವರು ಟೈಫಸ್ ವಿರುದ್ಧ ಹೆಣಗಿದರು, ಕದ್ದುಮುಚ್ಚಿ ವೈದ್ಯವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ತಪ್ಪಿಸಿಕೊಂಡು ಹೊರಬಂದು ಅಡಗಿದ್ದಾಗ ಒಬ್ಬಳೇ ಮಗಳನ್ನು ಕಳೆದುಕೊಂಡರು. ನಾನು ಓದಿದ ವಿಜ್ಞಾನಿಗಳ ಬಾಳಿನಲ್ಲಿ ಇದಕ್ಕಿಂತ ಕಹಿಯಾದ ವಿಪರ್ಯಾಸ ಕಂಡಿಲ್ಲ.

ಲ್ಯಾಂಡ್‌ಸ್ಟೈನರ್ ಆಗಲೇ ನ್ಯೂಯಾರ್ಕ್ ಸೇರಿ, 1930ರಲ್ಲಿ ನೊಬೆಲ್ ಪಡೆದಿದ್ದರು. ಅವರ ಬಳಿ ಪಳಗಿದ ಫಿಲಿಪ್ ಲೆವಿನ್ 1939ರಲ್ಲಿ ಒಬ್ಬ ತಾಯಿಯ ಕಥೆ ವರದಿ ಮಾಡಿದರು. ಸತ್ತ ಮಗುವನ್ನು ಹೆತ್ತ ಆಕೆಗೆ ಗಂಡನ ರಕ್ತ ಕೊಟ್ಟಿದ್ದರು, ಇಬ್ಬರದೂ ಓ. ಆದರೂ ಮೈ ತಿರುಗಿಬಿತ್ತು. ಆಕೆಯ ಸೀರಂ ಓ ಗುಂಪಿನ 104 ರಕ್ತಗಳಲ್ಲಿ 80ನ್ನು ಗಂಟುಗಟ್ಟಿಸಿತು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಕೋತಿಯ ರಕ್ತದ ಪ್ರಯೋಗದಿಂದ ಈ ಹೊಸ ಗುರುತಿಗೆ ಆರ್‌ಎಚ್ ಹೆಸರನ್ನು ತಂದರು. ಇದರ ಪ್ರತಿಕಾಯ ತಾನಾಗಿ ಹುಟ್ಟುವುದಲ್ಲ. ಹೊಟ್ಟೆಯ ಮಗುವಿನ ಅಥವಾ ದಾನಿಯ ಕಣ ಕೆರಳಿಸಿದ ಮೇಲೆ ಹುಟ್ಟುವುದು. ಎ, ಬಿ ವಿರೋಧಿಗಳಲ್ಲಿ ಹೆಚ್ಚಿನವು ಗರ್ಭದ ಮಾಸನ್ನು ದಾಟಲಾರದಷ್ಟು ದೊಡ್ಡವು. ಆರ್‌ಎಚ್ ವಿರೋಧಿ ಚಿಕ್ಕದು, ದಾಟಿಹೋಗಿ ಮುಂದಿನ ಮಗುವಿನ ಕಣಗಳನ್ನು ಒಡೆಯುತ್ತದೆ. 1968ರಲ್ಲಿ ಈ ಪ್ರತಿಕಾಯ ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಬರುವತನಕ ಎಷ್ಟು ತೊಟ್ಟಿಲುಗಳು ಬರಿದಾದವೋ.

ಇನ್ನು ಮುಂಬಯಿ. 1952ರಲ್ಲಿ ಅಲ್ಲಿನ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರಿಗೆ ಇಬ್ಬರು ರೋಗಿಗಳು ಎದುರಾದರು: ಒಬ್ಬ ರೈಲು ಅಪಘಾತದಲ್ಲಿ ಗಾಯಗೊಂಡವ, ಇನ್ನೊಬ್ಬ ಇರಿತಕ್ಕೊಳಗಾದವ. ಇಬ್ಬರ ಕಣಗಳೂ ಎ, ಬಿ ಪರೀಕ್ಷೆಗೆ ಮಿಸುಕಲಿಲ್ಲ, ಅಂದರೆ ಓ ಎಂದೇ ಬರೆಯಬೇಕು. ಆದರೆ ಅವರ ಸೀರಂ ಎಯನ್ನೂ ಬಿಯನ್ನೂ ಮಾತ್ರವಲ್ಲ, ಓ ಕಣಗಳನ್ನೂ ಗಂಟುಗಟ್ಟಿಸಿತು. ಬರಿದೆನಿಸಿದ ಕಣದ ಮೇಲೆ ಪ್ರತಿಕಾಯ ಹಿಡಿದದ್ದಾದರೂ ಏನನ್ನು? ಲಂಡನ್ನಿನ ರೇಸ್, ಸ್ಯಾಂಗರ್, ಮಾರ್ಗನ್, ವಾಟ್ಕಿನ್ಸ್ ಜೊತೆಗೂಡಿ ಬರೆದ ವರದಿ ‘ಲ್ಯಾನ್ಸೆಟ್’ ಸೇರಿತು. ಓ ಕಣದ ಮೇಲೆಯೂ ಎಚ್ ಎಂಬ ಸಕ್ಕರೆಯಿದೆ. ಎ ಮತ್ತು ಬಿ ಗುರುತುಗಳು ಅದರ ಮೇಲೆಯೇ ಕಟ್ಟಿಕೊಳ್ಳುವಂಥವು. ಓ ಎಂದರೆ ಬರಿದಲ್ಲ, ತಳಪಾಯ. ನಿಜವಾಗಿ ಅದೂ ಇಲ್ಲದವರು ಈ ಮುಂಬಯಿಯವರು. ಯುರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರು ಸಿಗುವುದೂ ಕಷ್ಟವಾದ ಈ ಗುಂಪು ನಮ್ಮಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರಲ್ಲಿದೆ. ಅವರಿಗೆ ಅವರ ಗುಂಪಿನವರ ರಕ್ತ ಮಾತ್ರ ಸಲ್ಲುತ್ತದೆ.

ಬರ್ನ್‌ಸ್ಟೈನ್ ಶಾಸನಕ್ಕೂ ಇದು ಒಂದು ಅಪವಾದ ಬರೆಯಿತು. 1955ರಲ್ಲಿ ಅದೇ ಲೆವಿನ್, ನೋಡಲು ಓ ಆಗಿದ್ದ ಒಬ್ಬ ತಾಯಿಗೆ ಎಬಿ ಮಗಳಿದ್ದುದನ್ನು ವರದಿ ಮಾಡಿದರು. ಗಂಡ ಎ. ಹಳೆಯ ನಿಯಮದ ಪ್ರಕಾರ ಆಕೆ ತಾಯಿಯೇ ಅಲ್ಲ! ಆಕೆಯಲ್ಲಿ ಬಿಯ ವಂಶವಾಹಿ ಸುಸ್ಥಿತಿಯಲ್ಲಿತ್ತು. ಎಚ್ ಇಲ್ಲದ್ದರಿಂದ ಅದಕ್ಕೆ ಕೆಲಸ ಮಾಡಲು ನೆಲೆಯಿರಲಿಲ್ಲ. ತಂದೆಯಿಂದ ಎಚ್ ಪಡೆದ ಮಗಳಲ್ಲಿ ಅಜ್ಜ ಅಜ್ಜಿಯರ ಬಿ ಮತ್ತೆ ತಲೆಯೆತ್ತಿತು.

ಅಂದಿನಿಂದ ನಮ್ಮ ರಕ್ತಕೇಂದ್ರಗಳಲ್ಲಿ ಕಣವನ್ನು ಪರೀಕ್ಷಿಸಿ ಸುಮ್ಮನಾಗದೆ, ಸೀರಮ್ಮನ್ನು ಓ ಕಣಗಳ ಮೇಲೂ ಹಾಕಿ ನೋಡುವ ರೂಢಿ ಬಂತು. ಇತ್ತೀಚೆಗೆ ಕೋಲಾರದ ಮಹಿಳೆಯೊಬ್ಬರು ಹೃದಯದ ಶಸ್ತ್ರಚಿಕಿತ್ಸೆಗೆಂದು ದಾಖಲಾದಾಗ ಸಿಕ್ಕಿದ್ದೂ ಅಂಥದೇ ಸುಳಿವು. ಗುಂಪು ಓ ಪಾಸಿಟಿವ್. ಆದರೆ ಸಿಕ್ಕಿದ ಓ ರಕ್ತವೆಲ್ಲ ಗಂಟುಗಟ್ಟಿತು. ಬೆಂಗಳೂರಿನ ರಕ್ತಕೇಂದ್ರ ಅವರ ಕುಟುಂಬದ 20 ಮಂದಿಯನ್ನು ಪರೀಕ್ಷಿಸಿತು, ಒಬ್ಬರದೂ ಹೊಂದಲಿಲ್ಲ. ವೈದ್ಯರು ಹೊರಗಿನ ರಕ್ತ ಮುಟ್ಟದೆಯೇ ಶಸ್ತ್ರಚಿಕಿತ್ಸೆ ಮುಗಿಸಿದರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿ ಹತ್ತು ತಿಂಗಳು ಪರಿಶೀಲನೆಗೊಳಗಾಯಿತು. ಈ ಸಲ ಕಾರಣ ಎಚ್ ಅಲ್ಲ, ಕ್ರೋಮರ್ ಎಂಬ ಬೇರೆಯೇ ಸಮೂಹದಲ್ಲಿ ಅದುವರೆಗೆ ಯಾರೂ ಕಾಣದಿದ್ದ ಗುರುತು. 2025ರ ಜೂನ್‌ನಲ್ಲಿ ಮಿಲಾನ್‌ನ ಸಮ್ಮೇಳನದಲ್ಲಿ ಅದನ್ನು ‘ಕ್ರಿಬ್’ ಎಂಬ ಹೆಸರಿನಿಂದ ಪ್ರಕಟಿಸಲಾಯಿತು; ಆ ಹೆಸರಿನ ಕೊನೆಯ ಅಕ್ಷರ ಬೆಂಗಳೂರಿನದು.