ಆಡಿಯೋ ಪ್ಲಗಿನ್‌ಗಳ ಪ್ರಾಸೆಸರ್ ಹೊರೆ

ಆಡಿಯೋ ಪ್ಲಗಿನ್‌ಗಳ ಪ್ರಾಸೆಸರ್ ಹೊರೆ ಎಂದರೆ ಸಂಗೀತ ಧ್ವನಿಮುದ್ರಣ ತಂತ್ರಾಂಶದೊಳಗೆ ಕಾರ್ಯನಿರ್ವಹಿಸುವ ಈಕ್ವಲೈಸರ್, ಕಂಪ್ರೆಸರ್, ರಿವರ್ಬ್, ಸಿಂಥಸೈಜರ್ ಮೊದಲಾದ ಪೂರಕ ತಂತ್ರಾಂಶಗಳು ಗಣಕದ ಪ್ರಾಸೆಸರಿನ ಮೇಲೆ ಹೇರುವ ಲೆಕ್ಕಾಚಾರದ ಭಾರ. ಈ ಭಾರವು ಮಿತಿಮೀರಿದಾಗ ಧ್ವನಿಯಲ್ಲಿ ಚಟಚಟ ಸದ್ದು, ತುಂಡರಿಕೆ ಅಥವಾ ಕ್ಷಣಕಾಲದ ಮೌನ ಉಂಟಾಗುತ್ತದೆ. ಇದನ್ನು ಡ್ರಾಪ್‌ಔಟ್ ಎಂದು ಕರೆಯಲಾಗುತ್ತದೆ. ಮುದ್ರಣ ಮುಗಿದ ಹಾಡನ್ನು ಮಿಶ್ರಣ ಮಾಡುವಾಗ ಸಂಭವಿಸುವ ಡ್ರಾಪ್‌ಔಟ್ ಹೆಚ್ಚೆಂದರೆ ಕಿರಿಕಿರಿಯ ಸಂಗತಿ. ಅಂತಿಮ ಕಡತದಲ್ಲಿ ಅದು ಸಾಮಾನ್ಯವಾಗಿ ಉಳಿಯುವುದಿಲ್ಲ. ಆದರೆ ಗಾಯಕರು ಹಾಡುತ್ತಿರುವಾಗಲೇ ಒಳಬರುವ ಧ್ವನಿಯ ತುಣುಕು ಕೈತಪ್ಪಿದರೆ ಆ ತುಣುಕು ಎಲ್ಲಿಯೂ ದಾಖಲಾಗಿರುವುದಿಲ್ಲ. ಅದನ್ನು ಮತ್ತೆ ಹಾಡಿಸದೆ ಬೇರೆ ದಾರಿಯಿಲ್ಲ.

ಗಡುವಿನ ಲೆಕ್ಕ

ಡಿಜಿಟಲ್ ಧ್ವನಿಯು ಸೆಕೆಂಡಿಗೆ ಸಾಮಾನ್ಯವಾಗಿ 44,100 ಅಥವಾ 48,000 ಸ್ಯಾಂಪಲ್‌ಗಳ ಸರಣಿಯಾಗಿರುತ್ತದೆ. ತಂತ್ರಾಂಶವು ಇವುಗಳನ್ನು ಒಂದೊಂದಾಗಿ ಸಂಸ್ಕರಿಸದೆ ಬಫರ್ ಎಂಬ ಗುಂಪುಗಳಲ್ಲಿ ಸಂಸ್ಕರಿಸುತ್ತದೆ. ಬಫರಿನ ಗಾತ್ರ 128 ಸ್ಯಾಂಪಲ್, ಸ್ಯಾಂಪಲ್ ದರ 48,000 ಇದ್ದಾಗ ಪ್ರತಿ ಬಫರಿಗೆ ದೊರೆಯುವ ಕಾಲಾವಕಾಶ ಸುಮಾರು 2.67 ಮಿಲಿಸೆಕೆಂಡ್. ಎಲ್ಲ ಟ್ರ್ಯಾಕ್‌ಗಳಲ್ಲಿರುವ ಎಲ್ಲ ಪ್ಲಗಿನ್‌ಗಳ ಕೆಲಸ ಅಷ್ಟರೊಳಗೆ ಮುಗಿದು ಫಲಿತಾಂಶವು ಆಡಿಯೋ ಇಂಟರ್‌ಫೇಸ್ ಸಾಧನವನ್ನು ತಲುಪಬೇಕು. ತಲುಪದಿದ್ದರೆ ಆ ಸಾಧನದ ಬಳಿ ನುಡಿಸಲು ಏನೂ ಇರುವುದಿಲ್ಲ. ಕೇಳುಗರಿಗೆ ಅದು ಚಟ್ಟೆಂಬ ಸದ್ದಾಗಿ ಕೇಳಿಸುತ್ತದೆ. ಇಂತಹ ಗಡುವುಗಳು ಒಂದು ಸೆಕೆಂಡಿನಲ್ಲಿ 375 ಬರುತ್ತವೆ.

ಆದುದರಿಂದ ಇಲ್ಲಿ ಹೊರೆ ಎಂಬುದು ಸರಾಸರಿ ಬಳಕೆಯ ಪ್ರಶ್ನೆಯಲ್ಲ, ಗಡುವಿನ ಪ್ರಶ್ನೆ. ಕಾರ್ಯಾಚರಣ ವ್ಯವಸ್ಥೆಯ ಟಾಸ್ಕ್ ಮ್ಯಾನೇಜರ್ ಪ್ರಾಸೆಸರ್ ಬಳಕೆ 30 ಪ್ರತಿಶತ ಎಂದು ತೋರಿಸುತ್ತಿರುವಾಗಲೇ ಧ್ವನಿಮುದ್ರಣ ತಂತ್ರಾಂಶದ ಮಾಪಕವು ಕೆಂಪಾಗುವುದುಂಟು. ಇದನ್ನು ಮಾಪಕದ ದೋಷವೆಂದು ಭಾವಿಸುವವರು ಬಹಳ. ವಾಸ್ತವದಲ್ಲಿ ಇವೆರಡು ಬೇರೆ ಬೇರೆ ವಿಷಯಗಳನ್ನು ಅಳೆಯುತ್ತವೆ. ಮೊದಲನೆಯದು ಎಲ್ಲ ಕೋರ್‌ಗಳ ಬಳಕೆಯನ್ನು ಒಂದು ಸೆಕೆಂಡಿನಷ್ಟು ಕಾಲಕ್ಕೆ ಹಂಚಿ ಹೇಳುವ ಸರಾಸರಿ. ಎರಡನೆಯದು ಬಫರಿಗೆ ದೊರೆತ ಸಮಯದಲ್ಲಿ ಎಷ್ಟು ಭಾಗ ಖರ್ಚಾಯಿತೆಂಬ ಲೆಕ್ಕ. ಸಾವಿರ ಬಫರ್‌ಗಳಲ್ಲಿ 999 ಬೇಗನೆ ಮುಗಿದು ಒಂದು ಮಾತ್ರ ತಡವಾದರೂ ಸರಾಸರಿ ಬದಲಾಗುವುದಿಲ್ಲ, ಆದರೆ ಧ್ವನಿ ತುಂಡಾಗುತ್ತದೆ.

ಕೋರ್‌ಗಳ ಸಂಖ್ಯೆಯೂ ಇದೇ ಬಗೆಯ ತಪ್ಪು ನಿರೀಕ್ಷೆಗೆ ಕಾರಣವಾಗುತ್ತದೆ. ಬೇರೆ ಬೇರೆ ಟ್ರ್ಯಾಕ್‌ಗಳನ್ನು ಬೇರೆ ಬೇರೆ ಕೋರ್‌ಗಳಿಗೆ ಹಂಚಬಹುದು. ಆದರೆ ಒಂದೇ ಟ್ರ್ಯಾಕಿನಲ್ಲಿ ಸಾಲಾಗಿ ಕೂರಿಸಿದ ಪ್ಲಗಿನ್‌ಗಳನ್ನು ಹಾಗೆ ಹಂಚಲಾಗದು. ಎರಡನೆಯ ಪ್ಲಗಿನ್ ಕೆಲಸ ಆರಂಭಿಸಬೇಕಾದರೆ ಮೊದಲನೆಯದರ ಫಲಿತಾಂಶ ಕೈಗೆ ಬರಬೇಕು. ಎಲ್ಲ ಟ್ರ್ಯಾಕ್‌ಗಳೂ ಬಂದು ಸೇರುವ ಮಾಸ್ಟರ್ ಚಾನೆಲ್‌ನಲ್ಲಿ ನಾಲ್ಕು ಭಾರವಾದ ಪ್ಲಗಿನ್‌ಗಳಿದ್ದರೆ ಆ ಹೊತ್ತಿನಲ್ಲಿ ಒಂದು ಕೋರ್ ದುಡಿಯುತ್ತದೆ, ಉಳಿದ ಏಳು ಸುಮ್ಮನೆ ಕಾಯುತ್ತವೆ. ಈ ಕಾರಣದಿಂದ ಸಂಗೀತ ಕೆಲಸಕ್ಕೆ ಗಣಕವನ್ನು ಆರಿಸುವಾಗ ಕೋರ್‌ಗಳ ಸಂಖ್ಯೆಯಷ್ಟೇ ಒಂದು ಕೋರ್‌ನ ವೇಗವೂ ಮುಖ್ಯ.

ಹಿನ್ನೆಲೆ

1990ರ ದಶಕದ ಆರಂಭದಲ್ಲಿ ವೈಯಕ್ತಿಕ ಗಣಕದ ಪ್ರಾಸೆಸರುಗಳಿಗೆ ಹಲವು ಟ್ರ್ಯಾಕ್‌ಗಳ ಧ್ವನಿಯನ್ನು ಆ ಕ್ಷಣದಲ್ಲೇ ಸಂಸ್ಕರಿಸುವ ಶಕ್ತಿ ಇರಲಿಲ್ಲ. ಡಿಜಿಡಿಸೈನ್ ಸಂಸ್ಥೆಯ ಪ್ರೋ ಟೂಲ್ಸ್ ವ್ಯವಸ್ಥೆಯು ಈ ಕೆಲಸಕ್ಕೆಂದೇ ಮೋಟೊರೋಲಾ 56000 ಸರಣಿಯ ಚಿಪ್‌ಗಳಿರುವ ಪ್ರತ್ಯೇಕ ಕಾರ್ಡ್‌ಗಳನ್ನು ಬಳಸಿತು. ಪ್ಲಗಿನ್‌ಗಳು ಆ ಕಾರ್ಡ್‌ಗಳ ಮೇಲೆಯೇ ನಡೆಯುತ್ತಿದ್ದವು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆಯು ಕ್ಯೂಬೇಸ್ ತಂತ್ರಾಂಶದೊಂದಿಗೆ ವಿಎಸ್‌ಟಿ ಎಂಬ ಪ್ಲಗಿನ್ ಮಾದರಿಯನ್ನು ಪರಿಚಯಿಸಿ, ಈ ಕೆಲಸವನ್ನು ಗಣಕದ ಸ್ವಂತ ಪ್ರಾಸೆಸರಿಗೇ ಒಪ್ಪಿಸಿತು. ಮರುವರ್ಷ ಅದೇ ಸಂಸ್ಥೆಯಿಂದ ಬಂದ ಎಎಸ್‌ಐಒ ಚಾಲಕ ಮಾನದಂಡವು ಸಣ್ಣ ಬಫರ್‌ಗಳ ಬಳಕೆಯನ್ನು ಸಾಧ್ಯವಾಗಿಸಿತು. 1999ರಲ್ಲಿ ವಿಎಸ್‌ಟಿಯ ಎರಡನೆಯ ಆವೃತ್ತಿಯು ವಾದ್ಯಗಳನ್ನೂ ಪ್ಲಗಿನ್ ರೂಪಕ್ಕೆ ತಂದಿತು. ದುಬಾರಿ ಕಾರ್ಡ್ ಕೊಳ್ಳಲಾಗದವರಿಗೂ ಸ್ಟುಡಿಯೋದ ಬಾಗಿಲು ತೆರೆದದ್ದು ಹೀಗೆ. ಪ್ರಾಸೆಸರ್ ಹೊರೆ ಎಂಬುದು ಸಾಮಾನ್ಯ ಬಳಕೆದಾರರ ಚಿಂತೆಯಾದದ್ದೂ ಅಂದಿನಿಂದಲೇ.

ಹೊರೆಯ ಮೂಲಗಳು

ಎಲ್ಲ ಪ್ಲಗಿನ್‌ಗಳ ಭಾರ ಒಂದೇ ಅಲ್ಲ. ಸಾಧಾರಣ ಈಕ್ವಲೈಸರ್ ಪ್ರತಿ ಸ್ಯಾಂಪಲ್‌ಗೆ ಕೆಲವೇ ಗುಣಾಕಾರಗಳನ್ನು ಮಾಡುತ್ತದೆ. ಇಂದಿನ ಗಣಕದಲ್ಲಿ ಇಂತಹವು ನೂರಿದ್ದರೂ ಗಮನಕ್ಕೆ ಬಾರವು. ಹಳೆಯ ವಾಲ್ವ್ ಆಂಪ್ಲಿಫೈಯರ್ ಅಥವಾ ಟೇಪ್ ಯಂತ್ರದ ವಿರೂಪವನ್ನು ಅನುಕರಿಸುವ ಪ್ಲಗಿನ್‌ಗಳ ಸಂಗತಿ ಬೇರೆ. ಅವು ಮೂಲದಲ್ಲಿಲ್ಲದ ಹೆಚ್ಚಿನ ಕಂಪನಾಂಕಗಳನ್ನು ಹುಟ್ಟಿಸುತ್ತವೆ. ಸ್ಯಾಂಪಲ್ ದರದ ಅರ್ಧವನ್ನು ಮೀರಿದ ಕಂಪನಾಂಕಗಳು ಮಡಚಿಕೊಂಡು ಕೆಳಗಿಳಿದು ಅಪಸ್ವರವಾಗಿ ಕೇಳಿಸುತ್ತವೆ. ಇದನ್ನು ತಡೆಯಲು ಪ್ಲಗಿನ್ ತನ್ನೊಳಗೆ ಮಾತ್ರ ಸ್ಯಾಂಪಲ್ ದರವನ್ನು 2, 4 ಅಥವಾ 8 ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಇದಕ್ಕೆ ಓವರ್‌ಸ್ಯಾಂಪ್ಲಿಂಗ್ ಎಂದು ಹೆಸರು. ಲೆಕ್ಕಾಚಾರವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ.

ಕನ್ವಲ್ಯೂಶನ್ ರಿವರ್ಬ್ ಇನ್ನೊಂದು ಪ್ರಮುಖ ಮೂಲ. ನಿಜವಾದ ಸಭಾಂಗಣವೊಂದರ ಅನುರಣನವನ್ನು ದಾಖಲಿಸಿ ಅದನ್ನು ಹಾಡಿನ ಮೇಲೆ ಹೊದಿಸುವುದು ಇದರ ಕ್ರಮ. ಅನುರಣನದ ಅವಧಿ 3 ಸೆಕೆಂಡ್ ಆದರೆ 48,000 ದರದಲ್ಲಿ ಅದು 1,44,000 ಸ್ಯಾಂಪಲ್‌ಗಳಷ್ಟು ಉದ್ದ. ಹಾಡಿನ ಪ್ರತಿಯೊಂದು ಸ್ಯಾಂಪಲ್‌ಗೂ ಅಷ್ಟೇ ಗುಣಾಕಾರಗಳು ಬೇಕು. ಅಂದರೆ ಒಂದು ಚಾನೆಲ್‌ಗೆ ಸೆಕೆಂಡಿಗೆ 691 ಕೋಟಿ ಗುಣಾಕಾರಗಳು. ಫಾಸ್ಟ್ ಫೂರಿಯರ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತ ವಿಧಾನದಿಂದ ಈ ಸಂಖ್ಯೆಯನ್ನು ಬಹಳಷ್ಟು ತಗ್ಗಿಸಬಹುದಾದರೂ ಅದಕ್ಕೆ ದೊಡ್ಡ ಗುಂಪು ಸ್ಯಾಂಪಲ್‌ಗಳು ಕೂಡುವವರೆಗೆ ಕಾಯಬೇಕಾಗುತ್ತಿತ್ತು. ವಿಲಿಯಂ ಗಾರ್ಡ್ನರ್ 1995ರಲ್ಲಿ ಪ್ರಕಟಿಸಿದ ವಿಧಾನವು ಈ ಕಾಯುವಿಕೆಯನ್ನು ನಿವಾರಿಸಿತು. ಅನುರಣನದ ಮೊದಲ ಚಿಕ್ಕ ಭಾಗವನ್ನು ನೇರವಾಗಿ ಲೆಕ್ಕ ಹಾಕಿ, ನಂತರದ ಭಾಗಗಳನ್ನು ಕ್ರಮೇಣ ದೊಡ್ಡದಾಗುವ ತುಂಡುಗಳಲ್ಲಿ ಸಂಸ್ಕರಿಸುವುದು ಅದರ ತಿರುಳು. ಇದರಲ್ಲಿಯೂ ಗಡುವಿನ ತೊಡಕು ಇಲ್ಲದಿಲ್ಲ. ದೊಡ್ಡ ತುಂಡಿನ ಸರದಿ ಬಂದ ಬಫರಿನಲ್ಲಿ ಕೆಲಸ ಒಮ್ಮೆಲೇ ಉಕ್ಕುತ್ತದೆ. ಆ ಕೆಲಸವನ್ನು ಹಿನ್ನೆಲೆಯಲ್ಲಿ ಹಂಚಿಹಾಕದ ಪ್ಲಗಿನ್, ಸರಾಸರಿಯಲ್ಲಿ ಹಗುರವಾಗಿ ಕಂಡರೂ ಡ್ರಾಪ್‌ಔಟ್ ಉಂಟುಮಾಡಬಲ್ಲದು.

ವಾದ್ಯ ಪ್ಲಗಿನ್‌ಗಳಲ್ಲಿ ಹೊರೆಯು ಏಕಕಾಲಕ್ಕೆ ಮೊಳಗುವ ಸ್ವರಗಳ ಸಂಖ್ಯೆಯನ್ನು ಅನುಸರಿಸುತ್ತದೆ. ಪಿಯಾನೋದ ಪೆಡಲ್ ಒತ್ತಿ ಹಿಡಿದಾಗ ಹಳೆಯ ಸ್ವರಗಳು ನಿಲ್ಲದೆ ಹೊಸವು ಸೇರುತ್ತಾ ಹೋಗುವುದರಿಂದ ಬೆರಳುಗಳು ಹತ್ತೇ ಇದ್ದರೂ ಸ್ವರಗಳು ನೂರಾಗುತ್ತವೆ. ಏಕಕಾಲದ ಸ್ವರಗಳಿಗೆ ಮಿತಿ ಹಾಕುವ ಸೌಲಭ್ಯ ಬಹುತೇಕ ವಾದ್ಯ ಪ್ಲಗಿನ್‌ಗಳಲ್ಲಿ ಇದೆ.

ಮೌನದ ಹೊರೆ

ಹಾಡು ನಿಂತ ಮೇಲೆ ಪ್ರಾಸೆಸರ್ ಮಾಪಕ ಇಳಿಯುವ ಬದಲು ಏರುವುದು ಒಂದು ಕಾಲದಲ್ಲಿ ಅನೇಕರನ್ನು ಕಾಡಿದ ವಿಚಿತ್ರ ಸಮಸ್ಯೆ. ಇದರ ಕಾರಣ ಡಿನಾರ್ಮಲ್ ಎಂಬ ಅತಿ ಸಣ್ಣ ಸಂಖ್ಯೆಗಳು. 32 ಬಿಟ್ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲಿ ಪೂರ್ಣ ನಿಖರತೆಯೊಂದಿಗೆ ಬರೆಯಬಹುದಾದ ಕನಿಷ್ಠ ಸಂಖ್ಯೆ ಸುಮಾರು 1.18 × 10⁻³⁸. ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನು ಪ್ರಾಸೆಸರ್ ವಿಶೇಷ ರೀತಿಯಲ್ಲಿ ನಿಭಾಯಿಸುತ್ತದೆ. ಹಲವು ಪ್ರಾಸೆಸರುಗಳಲ್ಲಿ, ಅದರಲ್ಲಿಯೂ ಪೆಂಟಿಯಂ 4ರಲ್ಲಿ, ಇದು ಸಾಮಾನ್ಯ ಗುಣಾಕಾರಕ್ಕಿಂತ ಹಲವು ಪಟ್ಟು ನಿಧಾನ. ರಿವರ್ಬ್ ಮತ್ತು ಫಿಲ್ಟರ್‌ಗಳು ತಮ್ಮ ಹಿಂದಿನ ಫಲಿತಾಂಶವನ್ನೇ ಮರಳಿ ಬಳಸುವುದರಿಂದ ಧ್ವನಿ ನಿಂತ ಬಳಿಕವೂ ಅವುಗಳೊಳಗಿನ ಸಂಖ್ಯೆಗಳು ಕುಗ್ಗುತ್ತಾ ಕುಗ್ಗುತ್ತಾ ಈ ವಲಯವನ್ನು ಪ್ರವೇಶಿಸುತ್ತವೆ. ಆ ಸಂಖ್ಯೆಗಳು ಸೂಚಿಸುವ ಧ್ವನಿಯು ಪೂರ್ಣಮಟ್ಟಕ್ಕಿಂತ 750 ಡೆಸಿಬೆಲ್‌ಗೂ ಕೆಳಗಿರುತ್ತದೆ. ಮನುಷ್ಯನ ಶ್ರವಣಶಕ್ತಿಯ ವ್ಯಾಪ್ತಿ ಇರುವುದು 130 ಡೆಸಿಬೆಲ್‌ನ ಆಸುಪಾಸಿನಲ್ಲಿ. ಯಾವ ಕಿವಿಗೂ ಎಂದಿಗೂ ಕೇಳಿಸದ ಧ್ವನಿಗಾಗಿ ಪ್ರಾಸೆಸರ್ ಬೆವರಿಳಿಸುತ್ತಿತ್ತು ಎಂದರೆ ತಪ್ಪಲ್ಲ.

ಆರಂಭದಲ್ಲಿ ಪ್ಲಗಿನ್ ರಚನೆಕಾರರು ಧ್ವನಿಗೆ ಕೇಳಿಸದಷ್ಟು ಸಣ್ಣ ಗದ್ದಲವನ್ನು ಬೆರೆಸಿ ಸಂಖ್ಯೆಗಳು ಅಷ್ಟು ಕುಗ್ಗದಂತೆ ತಡೆಯುತ್ತಿದ್ದರು. 1999ರಲ್ಲಿ ಪೆಂಟಿಯಂ 3ರೊಂದಿಗೆ ಬಂದ ಎಸ್‌ಎಸ್‌ಇ ಆದೇಶಗಳಲ್ಲಿ, ಲೆಕ್ಕದ ಫಲಿತಾಂಶವು ಇಂತಹ ಸಂಖ್ಯೆಯಾದರೆ ಅದನ್ನು ಸೊನ್ನೆಯೆಂದೇ ಪರಿಗಣಿಸುವ ಏರ್ಪಾಟು ಇದೆ. ಈಗಿನ ಪ್ಲಗಿನ್‌ಗಳು ಸಾಮಾನ್ಯವಾಗಿ ಇದನ್ನೇ ಅವಲಂಬಿಸಿವೆ. 2008ರ ವಿಎಸ್‌ಟಿ 3 ಮಾದರಿಯಲ್ಲಿ ಒಳಬರುವ ಧ್ವನಿ ಮೌನವಾಗಿದೆಯೆಂದು ತಂತ್ರಾಂಶವು ಪ್ಲಗಿನ್‌ಗೆ ತಿಳಿಸಬಹುದು. ಪ್ಲಗಿನ್ ಆಗ ಕೆಲಸ ನಿಲ್ಲಿಸಿ ವಿರಮಿಸಬಹುದು.

ಹೊರೆ ತಗ್ಗಿಸುವ ವಿಧಾನಗಳು

ಬಫರ್ ಹಿಗ್ಗಿಸುವುದು ಎಲ್ಲಕ್ಕಿಂತ ಸುಲಭದ ಉಪಾಯ. 1,024 ಸ್ಯಾಂಪಲ್‌ಗಳ ಬಫರಿನಲ್ಲಿ 48,000 ದರಕ್ಕೆ 21.3 ಮಿಲಿಸೆಕೆಂಡ್ ಕಾಲಾವಕಾಶ ಸಿಗುತ್ತದೆ. ಒಟ್ಟು ಲೆಕ್ಕಾಚಾರ ಇದರಿಂದ ಹೆಚ್ಚೇನೂ ಕಡಿಮೆಯಾಗದು. ಏರಿಳಿತಗಳನ್ನು ನುಂಗಿಕೊಳ್ಳುವ ಅವಕಾಶ ಮಾತ್ರ ಹೆಚ್ಚುತ್ತದೆ. ಇದಕ್ಕೆ ತೆರಬೇಕಾದ ಬೆಲೆ ವಿಳಂಬ. ಧ್ವನಿಯು ಒಳಬರುವಾಗ ಒಂದು ಬಫರ್, ಹೊರಹೋಗುವಾಗ ಒಂದು ಬಫರ್ ಎಂದರೂ ಗಾಯಕರ ಸ್ವರ ಅವರ ಹೆಡ್‌ಫೋನಿಗೆ ಮರಳುವಷ್ಟರಲ್ಲಿ 42 ಮಿಲಿಸೆಕೆಂಡ್ ಮೀರಿರುತ್ತದೆ. ಗಾಳಿಯಲ್ಲಿ ಶಬ್ದವು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಚಲಿಸುತ್ತದೆ. ಈ ಲೆಕ್ಕದಲ್ಲಿ ಅದು 14 ಮೀಟರ್ ದೂರದಿಂದ ತಮ್ಮದೇ ಹಾಡನ್ನು ಕೇಳಿದಂತೆ. ವಾದ್ಯಗಾರರು ಕೆಲವು ಮೀಟರ್ ದೂರವನ್ನು ವೇದಿಕೆಯಲ್ಲಿ ದಿನನಿತ್ಯ ಸಹಿಸುತ್ತಾರಾದರೂ ಹಾಡುವವರಿಗೆ ಸ್ವಂತ ಧ್ವನಿಯು ತಲೆಬುರುಡೆಯ ಮೂಲಕವೂ ಕೇಳಿಸುತ್ತಿರುವುದರಿಂದ ಅಲ್ಪ ವಿಳಂಬವೂ ಕಸಿವಿಸಿ ಉಂಟುಮಾಡುತ್ತದೆ. ಆದ್ದರಿಂದ ಮುದ್ರಣದ ವೇಳೆ ಸಣ್ಣ ಬಫರ್, ಮಿಶ್ರಣದ ವೇಳೆ ದೊಡ್ಡ ಬಫರ್ ಇರಿಸುವುದು ರೂಢಿ. ಹಲವು ಇಂಟರ್‌ಫೇಸ್‌ಗಳಲ್ಲಿರುವ ಡೈರೆಕ್ಟ್ ಮಾನಿಟರಿಂಗ್ ಸೌಲಭ್ಯವು ಮೈಕಿನ ಧ್ವನಿಯನ್ನು ಗಣಕದ ಸುತ್ತು ತಪ್ಪಿಸಿ ನೇರವಾಗಿ ಹೆಡ್‌ಫೋನಿಗೆ ಕಳಿಸುತ್ತದೆ.

ಮುಂದಕ್ಕೆ ನೋಡಿ ಕೆಲಸ ಮಾಡುವ ಲಿಮಿಟರ್ ಮತ್ತು ಲೀನಿಯರ್ ಫೇಸ್ ಈಕ್ವಲೈಸರ್‌ಗಳು ಪ್ರಾಸೆಸರ್ ಎಷ್ಟೇ ವೇಗವಾಗಿದ್ದರೂ ತಮ್ಮದೇ ವಿಳಂಬವನ್ನು ಸೇರಿಸುತ್ತವೆ. ಅವುಗಳನ್ನು ಮುದ್ರಣ ಮುಗಿಯುವವರೆಗೆ ತೆಗೆದಿಡುವುದೇ ಪರಿಹಾರ.

ಒಂದೇ ರಿವರ್ಬನ್ನು ಹಲವು ಟ್ರ್ಯಾಕ್‌ಗಳು ಹಂಚಿಕೊಳ್ಳುವುದು ಇನ್ನೊಂದು ಕ್ರಮ. 12 ಗಾಯನ ಟ್ರ್ಯಾಕ್‌ಗಳಲ್ಲಿ 12 ರಿವರ್ಬ್‌ಗಳನ್ನು ಕೂರಿಸುವ ಬದಲು ಒಂದು ಸಹಾಯಕ ಚಾನೆಲ್‌ನಲ್ಲಿ ಒಂದನ್ನು ಇರಿಸಿ, ಪ್ರತಿ ಟ್ರ್ಯಾಕಿನಿಂದ ಬೇಕಾದಷ್ಟು ಧ್ವನಿಯನ್ನು ಸೆಂಡ್ ಮೂಲಕ ಅಲ್ಲಿಗೆ ಕಳಿಸಲಾಗುತ್ತದೆ. ಸಾಮಾನ್ಯ ರಿವರ್ಬ್ ರೇಖೀಯ ಪ್ರಕ್ರಿಯೆಯಾದ್ದರಿಂದ, ಧ್ವನಿಗಳನ್ನು ಕೂಡಿಸಿ ಅನುರಣಿಸಿದರೂ ಅನುರಣಿಸಿ ಕೂಡಿಸಿದರೂ ಫಲ ಒಂದೇ. ಕಂಪ್ರೆಸರ್ ಮತ್ತು ಡಿಸ್ಟಾರ್ಶನ್‌ಗಳಿಗೆ ಈ ನಿಯಮ ಅನ್ವಯಿಸದು. ಕೂಡಿಸಿದ ಧ್ವನಿಗೆ ಅವು ಬೇರೆಯೇ ರೀತಿಯಲ್ಲಿ ಪ್ರತಿಕ್ರಿಯಿಸುತ್ತವೆ.

ಟ್ರ್ಯಾಕ್ ಫ್ರೀಜ್ ಮಾಡುವುದು ಅತ್ಯಂತ ಪರಿಣಾಮಕಾರಿ ವಿಧಾನ. ಇದರಲ್ಲಿ ತಂತ್ರಾಂಶವು ಪ್ಲಗಿನ್‌ಗಳ ಫಲಿತಾಂಶವನ್ನು ಒಂದು ತಾತ್ಕಾಲಿಕ ಧ್ವನಿ ಕಡತವಾಗಿ ಬರೆದು, ಪ್ಲಗಿನ್‌ಗಳನ್ನು ನಿಲ್ಲಿಸಿ, ಆ ಕಡತವನ್ನಷ್ಟೇ ನುಡಿಸುತ್ತದೆ. ಬರೆಯುವ ಕೆಲಸಕ್ಕೆ ಗಡುವು ಇಲ್ಲ. ಗಣಕವು ತನಗೆ ಬೇಕಾದಷ್ಟು ಸಮಯ ತೆಗೆದುಕೊಳ್ಳಬಹುದು. ಮಿಶ್ರಣದ ಅಂತಿಮ ಕಡತದಲ್ಲಿ ಡ್ರಾಪ್‌ಔಟ್ ಇಲ್ಲದಿರುವುದಕ್ಕೂ ಇದೇ ಕಾರಣ. ಫ್ರೀಜ್ ತೆರವುಗೊಳಿಸಿದರೆ ಎಲ್ಲ ಹೊಂದಾಣಿಕೆಗಳು ಮೊದಲಿನಂತೆ ಮರಳುತ್ತವೆ. ಗಮನಿಸಬೇಕಾದ ಒಂದು ಅಂಶವೆಂದರೆ ಕೆಲವು ಪ್ಲಗಿನ್‌ಗಳು ಗಡುವಿಲ್ಲದ ವೇಳೆ ಹೆಚ್ಚಿನ ಓವರ್‌ಸ್ಯಾಂಪ್ಲಿಂಗ್ ಬಳಸುವಂತೆ ರಚಿತವಾಗಿವೆ. ಆಗ ಫ್ರೀಜ್ ಆದ ಧ್ವನಿಯು ಹಿಂದೆ ಕೇಳಿದ್ದಕ್ಕಿಂತ ಸ್ವಲ್ಪ ಭಿನ್ನವಾಗಿರಬಹುದು. ಪ್ರತಿ ಸಲವೂ ಬೇರೆಬೇರೆಯಾಗಿ ಅಲೆಯುವ ಕೋರಸ್‌ನಂತಹ ಪರಿಣಾಮಗಳಲ್ಲಿ ಯಾವುದೋ ಒಂದು ಸಲದ ರೂಪ ಅಚ್ಚಾಗಿಬಿಡುತ್ತದೆ.

ಬೈಪಾಸ್ ಗುಂಡಿಯು ಹೊರೆಯನ್ನು ಇಳಿಸಿಯೇ ತೀರುತ್ತದೆಂಬ ನಂಬಿಕೆ ಸರಿಯಲ್ಲ. ಕ್ಯೂಬೇಸ್‌ನಲ್ಲಿ ಬೈಪಾಸ್ ಮಾಡಿದ ಪ್ಲಗಿನ್ ಹಿನ್ನೆಲೆಯಲ್ಲಿ ದುಡಿಯುತ್ತಲೇ ಇರುತ್ತದೆ. ಎರಡು ಸ್ಥಿತಿಗಳನ್ನು ಸದ್ದಿಲ್ಲದೆ ಹೋಲಿಸಿ ನೋಡಲು ಅನುಕೂಲವಾಗಲೆಂದು ಈ ವ್ಯವಸ್ಥೆ. ಹೊರೆ ಇಳಿಯಬೇಕಾದರೆ ಪ್ಲಗಿನ್ ಅನ್ನು ನಿಷ್ಕ್ರಿಯಗೊಳಿಸಬೇಕು. ರೀಪರ್ ತಂತ್ರಾಂಶದಲ್ಲಿ ಆಫ್‌ಲೈನ್ ಎಂಬ ಆಯ್ಕೆಯು ಪ್ಲಗಿನ್ ಅನ್ನು ಸ್ಮೃತಿಯಿಂದಲೂ ತೆರವುಗೊಳಿಸುತ್ತದೆ.

ತಂತ್ರಾಂಶಗಳು ತಾವಾಗಿಯೇ ಅನುಸರಿಸುವ ಒಂದು ಯುಕ್ತಿಯೂ ಇದೆ. ಈಗಾಗಲೇ ಮುದ್ರಿತವಾದ ಟ್ರ್ಯಾಕಿನಲ್ಲಿ ಮುಂದೆ ಬರುವ ಧ್ವನಿ ಯಾವುದೆಂಬುದು ಮೊದಲೇ ತಿಳಿದಿರುವುದರಿಂದ ಅದನ್ನು ಮುಂಚಿತವಾಗಿ, ದೊಡ್ಡ ತುಂಡುಗಳಲ್ಲಿ ಸಂಸ್ಕರಿಸಿಟ್ಟುಕೊಳ್ಳಬಹುದು. ಕ್ಯೂಬೇಸ್‌ನ ಎಎಸ್‌ಐಒ ಗಾರ್ಡ್ ಮತ್ತು ರೀಪರ್‌ನ ಆಂಟಿಸಿಪೇಟಿವ್ ಎಫ್‌ಎಕ್ಸ್ ಈ ತತ್ತ್ವದ ಮೇಲೆ ನಿಂತಿವೆ. ಮೈಕಿನಿಂದ ನೇರವಾಗಿ ಬರುತ್ತಿರುವ ಟ್ರ್ಯಾಕಿಗೆ ಇದು ಒದಗದು. ಮುದ್ರಣಕ್ಕೆ ಸಿದ್ಧಗೊಳಿಸಿದ ಒಂದೇ ಟ್ರ್ಯಾಕಿನಿಂದ ಮಾಪಕ ದಿಢೀರನೆ ಜಿಗಿಯುವುದಕ್ಕೆ ಇದೇ ಕಾರಣ. ಅನಗತ್ಯವಾಗಿ ಮುದ್ರಣ ಸ್ಥಿತಿಯಲ್ಲಿ ಉಳಿದ ಟ್ರ್ಯಾಕ್‌ಗಳ ಗುಂಡಿಯನ್ನು ಆರಿಸುವುದರಿಂದ ಎಷ್ಟೋ ಸಲ ಸಮಸ್ಯೆ ಬಗೆಹರಿಯುತ್ತದೆ.

ಕಾರ್ಯಾಚರಣ ವ್ಯವಸ್ಥೆಯ ಪಾತ್ರ

ಎಲ್ಲ ಡ್ರಾಪ್‌ಔಟ್‌ಗಳಿಗೂ ಪ್ಲಗಿನ್‌ಗಳೇ ಹೊಣೆಯಲ್ಲ. ವೈಫೈ ಅಥವಾ ಗ್ರಾಫಿಕ್ಸ್ ಚಾಲಕವು ಕೆಲವು ಮಿಲಿಸೆಕೆಂಡ್ ಪ್ರಾಸೆಸರನ್ನು ಹಿಡಿದಿಟ್ಟರೂ ಗಡುವು ತಪ್ಪುತ್ತದೆ. ವಿಂಡೋಸ್‌ನಲ್ಲಿ ಇಂತಹ ಚಾಲಕಗಳನ್ನು ಪತ್ತೆಹಚ್ಚಲು ಲೇಟೆನ್ಸಿಮಾನ್ ಎಂಬ ಸಾಧನ ಬಳಕೆಯಲ್ಲಿದೆ. ವಿದ್ಯುತ್ ಉಳಿತಾಯಕ್ಕಾಗಿ ಪ್ರಾಸೆಸರಿನ ವೇಗವನ್ನು ತಗ್ಗಿಸುವ ವ್ಯವಸ್ಥೆಯೂ, ಲ್ಯಾಪ್‌ಟಾಪ್ ಕಾದಾಗ ತಾನಾಗಿ ವೇಗ ಇಳಿಸುವ ರಕ್ಷಣಾ ಕ್ರಮವೂ ಇದೇ ಫಲವನ್ನು ನೀಡುತ್ತವೆ. ಲಿನಕ್ಸ್‌ನಲ್ಲಿ ದೀರ್ಘಕಾಲ ಪ್ರತ್ಯೇಕ ತೇಪೆಯಾಗಿ ದೊರೆಯುತ್ತಿದ್ದ ರಿಯಲ್ ಟೈಮ್ ಸೌಲಭ್ಯವು 2024ರಲ್ಲಿ 6.12ನೆಯ ಆವೃತ್ತಿಯ ಮೂಲಕ ಮುಖ್ಯ ಕರ್ನೆಲ್‌ನಲ್ಲಿಯೇ ಸೇರ್ಪಡೆಯಾಯಿತು.