ತವರಿನ ಬಾಯಿ ಕಟ್ಟಿದಾಗ

ನನ್ನೊಡನೆ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದ ಭೌತಶಾಸ್ತ್ರದ ಅಧ್ಯಾಪಕರೊಬ್ಬರು ಹಲವು ವರ್ಷಗಳ ಹಿಂದೆ ಇಥಿಯೋಪಿಯಕ್ಕೆ ಹೋಗಿ, ಆ ದೇಶದ ಉತ್ತರ ತುದಿಯಲ್ಲಿರುವ ಟಿಗ್ರೇ ಪ್ರಾಂತದ ಮೆಕೆಲೆ ನಗರದಲ್ಲಿ ನಾಲ್ಕು ವರ್ಷ ಪಾಠ ಹೇಳಿ ಬಂದರು. ಭಾರತದ ಮೇಷ್ಟರುಗಳು ಆ ನಾಡಿಗೆ ಹೊಸಬರಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಿಂದಲೂ ಅಲ್ಲಿನ ಶಾಲೆಗಳಲ್ಲಿ ನಮ್ಮವರು ದುಡಿದಿದ್ದಾರೆ. ನನ್ನ ಮಿತ್ರರು ಅಲ್ಲಿಂದ ತಂದದ್ದು ಒಂದು ನೆನಪು. ಅಡ್ವಾ ಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿ ಅವರ ಶಿಷ್ಯನ ತಾಯಿ, ಕಾಫಿ ಬೀಜವನ್ನು ಅತಿಥಿಯ ಎದುರಿಗೇ ಹುರಿದು, ಕುಟ್ಟಿ, ಮೂರು ಸುತ್ತು ಕಾಫಿ ಕೊಟ್ಟಳಂತೆ. ಎರಡನೆಯ ಸುತ್ತಿಗೇ ಏಳಹೊರಟ ಇವರನ್ನು, ಮೂರನೆಯದು ಆಶೀರ್ವಾದದ ಕಾಫಿ, ಅದನ್ನು ಬಿಟ್ಟು ಹೋಗಬಾರದು ಎಂದು ಕೂರಿಸಿದಳಂತೆ.

ಆ ಶಿಷ್ಯ ಮುಂದೆ ಹೆಚ್ಚಿನ ಓದಿಗೆ ಅಮೆರಿಕಕ್ಕೆ ಹೋಗಿ ಅಲ್ಲಿಯೇ ನಿಂತ. ೨೦೨೧ರ ಜೂನ್ ತಿಂಗಳ ಕೊನೆಯಲ್ಲಿ ಟಿಗ್ರೇಯ ದೂರವಾಣಿ, ವಿದ್ಯುತ್ತು, ಬ್ಯಾಂಕು ಎಲ್ಲವೂ ಕಡಿದುಹೋದವು. ಹದಿನೆಂಟು ತಿಂಗಳು ಅವನಿಗೆ ತಾಯಿಯ ದನಿ ಕೇಳಲಿಲ್ಲ. ಆ ಹದಿನೆಂಟು ತಿಂಗಳೂ ಅವನು ರಜೆಯ ದಿನಗಳಲ್ಲಿ ವಾಷಿಂಗ್ಟನ್ನಿನ ಬೀದಿಗಳಲ್ಲಿ ಫಲಕ ಹಿಡಿದು ನಿಲ್ಲುತ್ತಿದ್ದ. ೨೦೨೩ರ ಜನವರಿಯಲ್ಲಿ ಅಕ್ಕನ ದೂರವಾಣಿ ಬಂತು. ಸಕ್ಕರೆ ಕಾಯಿಲೆಯ ತಾಯಿ, ಇನ್ಸುಲಿನ್ ದೊರೆಯದೆ, ಹಿಂದಿನ ಮಳೆಗಾಲದಲ್ಲಿಯೇ ತೀರಿಕೊಂಡಿದ್ದಳು. ‘ಗುರುಗಳೇ, ಆಕೆ ಹೋದ ಮೇಲೂ ನಾಲ್ಕು ತಿಂಗಳು ನಾನು ಆಕೆಗೆ ಔಷಧಿ ಕಳಿಸಿ ಎಂದು ಕೂಗುತ್ತಿದ್ದೆ’ ಎಂದು ಅವನು ಹೇಳಿದ್ದನ್ನು ಮಿತ್ರರು ನನಗೆ ತಿಳಿಸಿದಾಗ, ಈ ಜನರ ಚರಿತ್ರೆಯನ್ನು ತಿಳಿಯಬೇಕೆನಿಸಿತು. ಇಂದು ನಾಲ್ಕು ಮಾತು ಆಡಹೊರಟಿರುವುದು ಅದನ್ನು ಕುರಿತು.

ಅಬಿಸೀನಿಯಾ ಎಂಬ ಹಳೆಯ ಹೆಸರಿನಿಂದ ನಮ್ಮ ಹಿರಿಯರು ಬಲ್ಲ ದೇಶದ ನಾಗರಿಕತೆಯ ಬೇರು ಇರುವುದು ಟಿಗ್ರೇಯಲ್ಲಿ. ಅಕ್ಸುಮ್ ರಾಜ್ಯದ ರಾಜಧಾನಿ ಅಲ್ಲಿತ್ತು. ಅದರ ಬಂದರಾದ ಅದೂಲಿಸ್‌ಗೆ ಭಾರತದ ಕಬ್ಬಿಣ, ಉಕ್ಕು, ಹತ್ತಿಬಟ್ಟೆಗಳು ಬರುತ್ತಿದ್ದುದನ್ನು ಕ್ರಿಸ್ತಶಕ ಮೊದಲನೆಯ ಶತಮಾನದ ‘ಪೆರಿಪ್ಲಸ್’ ಗ್ರಂಥ ಹೇಳುತ್ತದೆ. ಅಲ್ಲಿನ ದೆಬ್ರೆ ದಾಮೋ ಮಠದ ಬಳಿ ಕುಷಾಣ ದೊರೆಗಳ ನೂರಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ದೊರೆತಿವೆ. ಕನ್ನಡದ ವಿದ್ಯಾರ್ಥಿಯಾದ ನನಗೆ ಇನ್ನೂ ಸ್ವಾರಸ್ಯವಾಗಿ ಕಂಡದ್ದು ಅವರ ಲಿಪಿ. ಗೀಜ್ ಎಂಬ ಆ ಲಿಪಿಯಲ್ಲಿ, ಪ್ರತಿಯೊಂದು ವ್ಯಂಜನವೂ ಏಳು ಸ್ವರಗಳಿಗೆ ತಕ್ಕಂತೆ ಏಳು ರೂಪ ತಾಳುತ್ತದೆ. ನಮ್ಮ ಕಾಗುಣಿತದ ಬಂಧುವೆಂದೇ ತೋರುತ್ತದೆ. ಇಂದಿನ ಟಿಗ್ರಿನ್ಯಾ ಭಾಷೆಯನ್ನು ಬರೆಯುವುದು ಆ ಲಿಪಿಯಲ್ಲಿಯೇ.

ಈ ನಾಡಿಗೆ ಇನ್ನೊಂದು ಕೀರ್ತಿಯುಂಟು. ಏಳನೆಯ ಶತಮಾನದ ಆರಂಭದಲ್ಲಿ, ಮೆಕ್ಕಾದಲ್ಲಿ ಹಿಂಸೆಗೊಳಗಾದ ಪ್ರವಾದಿ ಮಹಮ್ಮದರ ಅನುಯಾಯಿಗಳು ಸಮುದ್ರ ದಾಟಿ ಬಂದಾಗ, ಅಕ್ಸುಮಿನ ಕ್ರೈಸ್ತ ದೊರೆ ಅವರಿಗೆ ಆಶ್ರಯವಿತ್ತನೆಂದು ಇಸ್ಲಾಮಿನ ಪರಂಪರೆ ಕೃತಜ್ಞತೆಯಿಂದ ನೆನೆಯುತ್ತದೆ. ಟಿಗ್ರೇಯ ನೆಗಾಶ್ ಗ್ರಾಮದ ಮಸೀದಿ ಆ ನೆನಪಿನ ಸ್ಥಾನ. ಅನ್ಯರಿಗೆ ನೆರಳಾದ ನಾಡಿನವರೇ ನಮ್ಮ ಕಾಲದಲ್ಲಿ ನೆರಳನ್ನು ಅರಸಿ ಹೊರಟರು. ಆ ಯುದ್ಧದಲ್ಲಿ ಆ ಮಸೀದಿಯೂ ಗುಂಡಿಗೆ ಸಿಕ್ಕಿ ಜಖಂಗೊಂಡಿತು.

ಟಿಗ್ರೇ ಜನ ಪರದೇಶವಾಸಿಗಳಾದದ್ದು ಹೇಗೆ? ೧೯೭೪ರಲ್ಲಿ ಚಕ್ರವರ್ತಿಯನ್ನು ಇಳಿಸಿ ಸೈನಿಕರ ‘ದೆರ್ಗ್’ ಆಡಳಿತ ಬಂದಿತು. ಮರುವರ್ಷ ಟಿಗ್ರೇಯ ವಿಮೋಚನಾ ರಂಗ ಹುಟ್ಟಿ ಬಂಡಾಯವೆದ್ದಿತು. ಅದರ ಮೇಲೆ ೧೯೮೪ರ ಮಹಾಕ್ಷಾಮ. ಕೋರೆಮ್ ಪಟ್ಟಣದ ಬಯಲಿನಲ್ಲಿ ಹಸಿವಿನಿಂದ ಸಾಯುತ್ತಿದ್ದವರ ಚಿತ್ರಗಳನ್ನು ಅಕ್ಟೋಬರಿನಲ್ಲಿ ಬ್ರಿಟಿಷ್ ದೂರದರ್ಶನ ತೋರಿಸಿದ ಮೇಲೆ ಲೋಕದ ಕಣ್ಣು ತೆರೆಯಿತು. ಆ ಕ್ಷಾಮದಲ್ಲಿ ಸುಮಾರು ಎರಡು ಲಕ್ಷ ಟಿಗ್ರೇ ಜನರು, ಹಗಲು ವಿಮಾನದಾಳಿಗೆ ಹೆದರಿ ಅಡಗಿ, ರಾತ್ರಿ ನಡೆದು, ಸುಡಾನಿಗೆ ಗುಳೆ ಹೊರಟರು. ಮಳೆ ಬಂದ ಸುದ್ದಿ ಕೇಳಿ ಅವರಲ್ಲಿ ಅನೇಕರು ಬಿತ್ತನೆಗೆ ಹಿಂದಿರುಗಿದರು. ಹಿಂದಿರುಗದವರು ಕ್ರಮೇಣ ಅಮೆರಿಕ, ಕೆನಡಾ, ಬ್ರಿಟನ್, ಸ್ವೀಡನ್, ಆಸ್ಟ್ರೇಲಿಯಗಳಿಗೆ ಹಂಚಿಹೋದರು. ವಾಷಿಂಗ್ಟನ್ ಸುತ್ತಮುತ್ತ ಟ್ಯಾಕ್ಸಿ ಓಡಿಸಿ, ಹೋಟೆಲು ನಡೆಸಿ, ಮಕ್ಕಳನ್ನು ವೈದ್ಯರನ್ನಾಗಿಯೂ ವಕೀಲರನ್ನಾಗಿಯೂ ಮಾಡಿದ ಸಮುದಾಯ ಹೀಗೆ ಬೆಳೆಯಿತು.

೧೯೯೧ರಲ್ಲಿ ದೆರ್ಗ್ ಉರುಳಿ, ವಿಮೋಚನಾ ರಂಗದವರೇ ಇಡೀ ಇಥಿಯೋಪಿಯದ ಆಡಳಿತದಲ್ಲಿ ಪ್ರಬಲರಾದರು. ಇಪ್ಪತ್ತೇಳು ವರ್ಷ ಅವರ ಮಾತು ನಡೆಯಿತು. ರಸ್ತೆ, ಶಾಲೆ, ಆಸ್ಪತ್ರೆಗಳಾದವು. ವಿರೋಧಿಗಳು ಸೆರೆಮನೆಗೂ ಹೋದರು. ಜನಸಂಖ್ಯೆಯಲ್ಲಿ ನೂರಕ್ಕೆ ಆರರಷ್ಟಿದ್ದ ಒಂದು ಜನಾಂಗದ ನಾಯಕರು ಗಳಿಸಿದ ದ್ವೇಷವನ್ನು ಮುಂದೆ ಆ ಜನಾಂಗದ ರೈತ, ಗುಮಾಸ್ತ, ಬಾಣಂತಿಯರು ತೆರಬೇಕಾಯಿತು. ೨೦೧೮ರಲ್ಲಿ ಅಬಿಯ್ ಅಹಮದ್ ಪ್ರಧಾನಿಯಾದರು. ಎರಿಟ್ರಿಯದೊಡನೆ ಸಂಧಿ ಮಾಡಿಕೊಂಡುದಕ್ಕೆ ೨೦೧೯ರಲ್ಲಿ ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. ಮರುವರ್ಷ ನವೆಂಬರ್ ೪ರಂದು, ಟಿಗ್ರೇ ಪಡೆಗಳು ಸೇನಾಶಿಬಿರದ ಮೇಲೆ ಬಿದ್ದುವೆಂಬ ಕಾರಣ ನೀಡಿ, ಅವರು ಟಿಗ್ರೇಯ ಮೇಲೆ ಯುದ್ಧ ಸಾರಿದರು.

ಎರಡು ವರ್ಷದ ಆ ಯುದ್ಧದಲ್ಲಿ ದಕ್ಷಿಣದಿಂದ ಕೇಂದ್ರದ ಸೇನೆ, ಉತ್ತರದಿಂದ ಎರಿಟ್ರಿಯದ ಸೇನೆ, ಪಶ್ಚಿಮದಿಂದ ಅಮ್ಹಾರ ಪಡೆಗಳು ನುಗ್ಗಿದುವು. ಪವಿತ್ರ ನಗರ ಅಕ್ಸುಮಿನಲ್ಲಿ ೨೦೨೦ರ ನವೆಂಬರಿನ ಕೊನೆಯಲ್ಲಿ ಎರಿಟ್ರಿಯದ ಸೈನಿಕರು ನೂರಾರು ಜನರನ್ನು ಕೊಂದರು. ಪಶ್ಚಿಮ ಟಿಗ್ರೇಯಿಂದ ಜನರನ್ನು ಒಕ್ಕಲೆಬ್ಬಿಸಿದ್ದನ್ನು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ೨೦೨೧ರ ಮಾರ್ಚಿಯಲ್ಲಿ ಜನಾಂಗೀಯ ನಿರ್ಮೂಲನವೆಂದು ಕರೆದರು. ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ತೆಕೆಜೆ ನದಿಯನ್ನು ದಾಟಿ ಸುಡಾನ್ ಸೇರಿದರು. ೧೯೮೪ರ ಪೀಳಿಗೆಯವರು ತಂಗಿದ್ದ ಉಮ್ ರಕೂಬಾ ಎಂಬಲ್ಲಿಯೇ ಅವರ ಮಕ್ಕಳು ಮೊಮ್ಮಕ್ಕಳಿಗೂ ಗುಡಾರ ಹಾಕಬೇಕಾಯಿತು. ಸತ್ತವರ ಲೆಕ್ಕ ಇಂದಿಗೂ ಪೂರ್ಣವಾಗಿಲ್ಲ. ಆಫ್ರಿಕ ಒಕ್ಕೂಟದ ಸಂಧಾನಕಾರರಾದ ಓಬಸಾಂಜೊ ಅವರು ಆರು ಲಕ್ಷದವರೆಗೂ ಇರಬಹುದೆಂದರು.

ಇಂಥ ಹೊತ್ತಿನಲ್ಲಿ ತವರಿನ ಬಾಯಿ ಕಟ್ಟಿತ್ತು. ಪತ್ರಕರ್ತರಿಗೆ ಪ್ರವೇಶವಿರಲಿಲ್ಲ. ಮಾತನಾಡಬೇಕಾದವರು ಹೊರಗಿದ್ದವರು. ಅಲ್ಲಿಯವರೆಗೆ ಅವರಲ್ಲಿ ಹೆಚ್ಚಿನವರು ತಿಂಗಳಿಗೊಮ್ಮೆ ಊರಿಗೆ ಹಣ ಕಳಿಸುವವರು, ಅಷ್ಟೇ; ಪಾರ್ಲಿಮೆಂಟಿನ ಸದಸ್ಯರಿಗೆ ಕಾಗದ ಬರೆದು ಅಭ್ಯಾಸವಿದ್ದವರಲ್ಲ. ಆದರೂ ತಿಂಗಳೊಪ್ಪತ್ತಿನಲ್ಲಿ ಸಂಘಗಳು ಎದ್ದುವು. ಯುವತಿಯರು ವರದಿಗಳನ್ನು ಟಿಗ್ರಿನ್ಯಾದಿಂದ ಇಂಗ್ಲಿಷಿಗೆ ಅನುವಾದಿಸಿದರು. ವೈದ್ಯರು ಕೂಡಿ, ಆಸ್ಪತ್ರೆಗಳಲ್ಲಿ ಏನೇನು ಮುಗಿದಿದೆಯೆಂದು ಪಟ್ಟಿ ಮಾಡಿದರು. ಲಂಡನ್, ವಾಷಿಂಗ್ಟನ್, ಜಿನೀವಾಗಳಲ್ಲಿ ಮೆರವಣಿಗೆಗಳಾದುವು. ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಟೆಡ್ರೋಸ್ ಅವರೂ ಟಿಗ್ರೇ ಮೂಲದವರೇ. ಜಗತ್ತಿನ ಕಿವಿ ಈ ಸಂಕಟಕ್ಕೆ ಕಿವುಡಾಗಿರಲು ಆ ಜನರ ಮೈಬಣ್ಣ ಕಾರಣವಿರಬಹುದೇ ಎಂದು ೨೦೨೨ರ ಆಗಸ್ಟಿನಲ್ಲಿ ಅವರು ಬಹಿರಂಗವಾಗಿ ಕೇಳಿದರು. ಪಕ್ಷಪಾತಿಯೆಂಬ ಆರೋಪವನ್ನು ತಮ್ಮ ದೇಶದ ಸರ್ಕಾರದಿಂದ ಹೊತ್ತುಕೊಂಡರು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು ಹೆಸರುಗಳನ್ನು ಕೂಡಿಸಿದ ಕೆಲಸ. ಸುಡಾನಿಗೆ ಬಂದ ಒಬ್ಬ ಸೋದರಳಿಯ, ಮೆಕೆಲೆಯಿಂದ ಕದ್ದು ಬಂದ ಒಂದು ದೂರವಾಣಿ ಕರೆ, ಇಗರ್ಜಿಯ ಪಾದ್ರಿಯ ಒಂದು ಚೀಟಿ, ಹೀಗೆ ಎಳೆ ಎಳೆಯಾಗಿ ಬಂದ ಸುದ್ದಿಯಿಂದ, ಯಾವ ಊರಿನಲ್ಲಿ ಯಾವ ದಿನ ಯಾರು ಸತ್ತರೆಂದು ಬರೆದಿಟ್ಟರು. ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾನಿಲಯದ ಸಂಶೋಧಕರು, ೨೦೨೧ರ ಏಪ್ರಿಲಿನ ವೇಳೆಗೆ, ನೂರೈವತ್ತಕ್ಕೂ ಹೆಚ್ಚು ಸಾಮೂಹಿಕ ಕೊಲೆಗಳನ್ನೂ ಸುಮಾರು ಎರಡು ಸಾವಿರ ಮೃತರನ್ನೂ ಗುರುತಿಸಿದರು. ಅಕ್ಸುಮಿನ ಮೃತರಲ್ಲಿ ೨೪೦ಕ್ಕೂ ಹೆಚ್ಚು ಹೆಸರುಗಳನ್ನು ಆಮ್ನೆಸ್ಟಿ ಸಂಸ್ಥೆ ಕಲೆಹಾಕಿತು. ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ಓದಿ ಮುದುಕನಾದವನು ನಾನು. ತುರುಗಾಳಗದಲ್ಲಿ ಬಿದ್ದವನ ಹೆಸರನ್ನೂ ಅವನ ಊರನ್ನೂ ನಮ್ಮ ಪೂರ್ವಿಕರು ಎಷ್ಟೋ ಕಲ್ಲುಗಳಲ್ಲಿ ಬರೆಸಿದ್ದಾರೆ. ಟಿಗ್ರೇಯ ಪಟ್ಟಿಗಳಲ್ಲಿ ವೀರರಿಲ್ಲ. ಎಂಬತ್ತರ ಮುದುಕ, ಹದಿಮೂರರ ಹುಡುಗ, ಹಿಟ್ಟು ತರಲು ಹೋದವಳು ಇದ್ದಾರೆ. ಅವರಿಗೂ ಒಂದು ಕಲ್ಲು ಬೇಕೆಂಬುದೇ ಆ ಪಟ್ಟಿಯ ವಾದ.

ಈ ವಕಾಲತ್ತಿನ ಫಲವೇನು? ಅಮೆರಿಕ ನಿರ್ಬಂಧಗಳನ್ನು ವಿಧಿಸಿತು; ೨೦೨೨ರ ಜನವರಿಯಿಂದ ಇಥಿಯೋಪಿಯಕ್ಕಿದ್ದ ಸುಂಕರಹಿತ ವ್ಯಾಪಾರದ ಸೌಲಭ್ಯವನ್ನು ನಿಲ್ಲಿಸಿತು. ಅದರ ಪೆಟ್ಟು ಬಿದ್ದದ್ದು ಬಹಳ ಮಟ್ಟಿಗೆ ಗಾರ್ಮೆಂಟ್ ಕಾರ್ಖಾನೆಗಳ ಬಡ ಹೆಣ್ಣುಮಕ್ಕಳ ಕೂಲಿಯ ಮೇಲೆ ಎಂಬುದನ್ನೂ ಮರೆಯಲಾಗದು. ವಿಶ್ವಸಂಸ್ಥೆ ೨೦೨೧ರ ಡಿಸೆಂಬರಿನಲ್ಲಿ ತನಿಖಾ ಆಯೋಗವನ್ನು ನೇಮಿಸಿತು. ೨೦೨೩ರ ಅಕ್ಟೋಬರಿನಲ್ಲಿ ಅದರ ಅವಧಿಯನ್ನು ಮುಂದುವರಿಸದೆ ಕೈಬಿಟ್ಟಿತು. ಮತ್ತೊಂದು ಮೊಕದ್ದಮೆ ಇನ್ನೂ ಗಮನಾರ್ಹ. ಬಹಿರ್‌ದಾರ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಟಿಗ್ರೇ ಮೂಲದ ಹಿರಿಯರೊಬ್ಬರ ಮೇಲೆ ಫೇಸ್‌ಬುಕ್ಕಿನಲ್ಲಿ ವಿಷ ಕಾರುವ ಬರಹಗಳು ಬಂದುವು. ೨೦೨೧ರ ನವೆಂಬರಿನಲ್ಲಿ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಕ್ಕಿ ಕೊಂದರು. ದೇಶ ಬಿಟ್ಟ ಅವರ ಮಗ ಮರುವರ್ಷ ಡಿಸೆಂಬರಿನಲ್ಲಿ, ಇತರರೊಡಗೂಡಿ, ಆ ಕಂಪೆನಿಯ ಮೇಲೆ ಕೀನ್ಯಾದ ನ್ಯಾಯಾಲಯದಲ್ಲಿ ದಾವೆ ಹೂಡಿದ. ಈ ದಾವೆಯನ್ನು ವಿಚಾರಿಸುವ ಅಧಿಕಾರ ತನಗುಂಟೆಂದು ನೈರೋಬಿಯ ಹೈಕೋರ್ಟು ೨೦೨೫ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ಪಾಠ ಹೇಳಿ ಬದುಕಿದ ಒಬ್ಬ ಮೇಷ್ಟರ ಪರವಾಗಿ ಅಷ್ಟಾದರೂ ಬಾಗಿಲು ತೆರೆಯಿತು.

ಇಷ್ಟು ಹೇಳಿ ಮುಗಿಸಿದರೆ ಚರಿತ್ರೆಗೆ ಅನ್ಯಾಯವಾದೀತು. ಅದೇ ವಾಷಿಂಗ್ಟನ್ನಿನಲ್ಲಿ ಅಮ್ಹಾರ ಮೂಲದವರೂ ಎರಿಟ್ರಿಯದವರೂ ಎದುರು ಮೆರವಣಿಗೆ ನಡೆಸಿದರು. ಹಿಂದೆ ಒಂದೇ ಇಗರ್ಜಿಗೆ ಹೋಗುತ್ತಿದ್ದವರು, ಒಂದೇ ಹೋಟೆಲಿನಲ್ಲಿ ಇಂಜೆರಾ ರೊಟ್ಟಿಯನ್ನು ಮುರಿದು ತಿನ್ನುತ್ತಿದ್ದವರು, ಮುಖ ತಿರುಗಿಸಿಕೊಂಡರು. ಯುದ್ಧದ ಮೊದಲ ವಾರದಲ್ಲೇ ಮೈ ಕಾದ್ರಾ ಎಂಬ ಪಟ್ಟಣದಲ್ಲಿ ಕೊಲೆಯಾದವರಲ್ಲಿ ಹೆಚ್ಚಿನವರು ಅಮ್ಹಾರ ಕೂಲಿಗಳು. ೨೦೨೧ರಲ್ಲಿ ಟಿಗ್ರೇ ಪಡೆಗಳು ಅಮ್ಹಾರ, ಅಫಾರ್ ಪ್ರಾಂತಗಳಿಗೆ ನುಗ್ಗಿದಾಗ ಅಲ್ಲಿಯೂ ಕೊಲೆ, ಅತ್ಯಾಚಾರ, ಲೂಟಿಗಳಾದುವು. ತನ್ನವರ ಪಟ್ಟಿಯನ್ನು ಹಿಡಿದು ಹೊರಟವನು ಎದುರಿನವನ ಕೈಯ ಪಟ್ಟಿಯನ್ನೂ ಓದಬೇಕು. ಕೆಲವರು ಓದಿದರು; ಹಲವರು ಓದಲಿಲ್ಲ. ದೂರದಲ್ಲಿರುವವನಿಗೆ ದುಃಖ ಬೇಗ ಕೋಪವಾಗುತ್ತದೆ; ಕೋಪದ ಬೆಲೆಯನ್ನು ತೆರುವವರು ಊರಿನಲ್ಲಿರುತ್ತಾರೆ. ವಕಾಲತ್ತು ವಹಿಸುವವನಿಗೆ ಸತ್ಯನಿಷ್ಠೆಯೇ ಬಂಡವಾಳವೆಂದು ನಾನು ನಂಬಿರುವುದು ಇದರಿಂದ.

೨೦೨೨ರ ನವೆಂಬರ್ ೨ರಂದು ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ಸಂಧಿಪತ್ರಕ್ಕೆ ಸಹಿ ಬಿದ್ದಿತು. ಬಂದೂಕುಗಳು ಬಹುಮಟ್ಟಿಗೆ ಮೌನವಾದುವು. ದೂರವಾಣಿ ಮತ್ತೆ ಮೊಳಗಿತು. ನನ್ನ ಮಿತ್ರರ ಶಿಷ್ಯನಿಗೆ ಬಂದಂತೆ ಸಾವಿನ ಸುದ್ದಿಗಳೂ ಬಂದುವು. ಒಕ್ಕಲೆದ್ದವರು ಮನೆಗೆ ಹಿಂದಿರುಗಬೇಕೆಂದು ಆ ಪತ್ರದಲ್ಲಿದೆ. ಆದರೆ ೨೦೨೫ರಲ್ಲಿಯೂ ಪಶ್ಚಿಮ ಟಿಗ್ರೇಯ ಲಕ್ಷಾಂತರ ಜನ ಮೆಕೆಲೆ, ಶಿರೆ, ಅಡಿಗ್ರಾತ್‌ಗಳ ಶಾಲಾಕೊಠಡಿಗಳಲ್ಲಿಯೂ ಹರಿದ ಗುಡಾರಗಳಲ್ಲಿಯೂ ದಿನ ನೂಕುತ್ತಿದ್ದರು. ಸುಡಾನಿಗೆ ಓಡಿದವರನ್ನು ೨೦೨೩ರ ಏಪ್ರಿಲಿನಲ್ಲಿ ಸುಡಾನಿನ ಯುದ್ಧವೇ ಬೆನ್ನಟ್ಟಿತು. ಪರದೇಶದ ಮೆರವಣಿಗೆಗಳು ತೆಳುವಾದುವು. ಟಿಗ್ರೇಯ ನಾಯಕರು ತಮ್ಮೊಳಗೇ ಬಿರುಕು ಬಿಟ್ಟಾಗ, ಹೊರಗಿನವರಲ್ಲಿಯೂ ಬಿರುಕು ಕಂಡಿತು.

ಹಾಗಾದರೆ ಕೂಗಿದ್ದು ವ್ಯರ್ಥವೇ? ಅಕ್ಸುಮಿನ ಒಂದು ಕಲ್ಲು ಇದಕ್ಕೆ ಉತ್ತರ ಹೇಳೀತು. ಇಪ್ಪತ್ತನಾಲ್ಕು ಮೀಟರ್ ಎತ್ತರದ ಪ್ರಾಚೀನ ಸ್ತಂಭವೊಂದನ್ನು ಮುಸೊಲಿನಿಯ ಸೇನೆ ೧೯೩೭ರಲ್ಲಿ ರೋಮಿಗೆ ಸಾಗಿಸಿತು. ಅದರ ಹಿಂದಿನ ವರ್ಷ ಹೈಲೆ ಸೆಲಾಸಿ ಜಿನೀವಾದ ರಾಷ್ಟ್ರಸಂಘದ ಮುಂದೆ ನಿಂತು ನ್ಯಾಯ ಬೇಡಿ ಬರಿಗೈಯಲ್ಲಿ ಮರಳಿದ್ದರು. ಲಂಡನ್ನಿನಲ್ಲಿ ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಎಂಬ ಮಹಿಳೆ ಇಥಿಯೋಪಿಯದ ಪರವಾಗಿ ಒಂದು ವಾರಪತ್ರಿಕೆಯನ್ನೇ ತೆರೆದಿದ್ದರು. ಲೂಟಿಯ ವಸ್ತುಗಳನ್ನು ಹದಿನೆಂಟು ತಿಂಗಳಲ್ಲಿ ಹಿಂದಿರುಗಿಸುವೆನೆಂದು ೧೯೪೭ರ ಸಂಧಿಯಲ್ಲಿ ಇಟಲಿ ಒಪ್ಪಿತು. ಕೊಡಲಿಲ್ಲ. ಸಿಲ್ವಿಯಾ ಅವರ ಮಗ, ಇತಿಹಾಸಕಾರ ರಿಚರ್ಡ್ ಪ್ಯಾಂಕ್‌ಹರ್ಸ್ಟ್ ಮೊದಲಾದವರು ಬಿಡದೆ ಕೇಳುತ್ತ ಬಂದರು. ೨೦೦೫ರಲ್ಲಿ ಕಲ್ಲು ವಿಮಾನವೇರಿ ಬಂದಿತು; ೨೦೦೮ರಲ್ಲಿ ತನ್ನ ನೆಲದ ಮೇಲೆ ನಿಂತಿತು. ಕಲ್ಲು ಐವತ್ತೆಂಟು ವರ್ಷ ಕಾಯಬಲ್ಲದು. ಗುಡಾರದಲ್ಲಿರುವ ಮನುಷ್ಯ ಕಾಯಲಾರ.

ಕಳೆದ ಸಲ ಮಿತ್ರರ ಮನೆಗೆ ಹೋದಾಗ ಶಿಷ್ಯನ ಸಮಾಚಾರ ಕೇಳಿದೆ. ಅವನು ಈಗ ಫಲಕ ಹಿಡಿದು ನಿಲ್ಲುವುದು ಅಪರೂಪವಂತೆ. ತನ್ನ ಹಳ್ಳಿಯಲ್ಲಿ ಯುದ್ಧಕಾಲದಲ್ಲಿ ಗುಂಡಿಗಷ್ಟೇ ಅಲ್ಲ, ಹಸಿವಿಗೂ ಔಷಧಿಯ ಅಭಾವಕ್ಕೂ ಬಲಿಯಾದವರ ಹೆಸರುಗಳನ್ನು ಅಕ್ಕನ ಸಹಾಯದಿಂದ ಬರೆಯುತ್ತಿದ್ದಾನಂತೆ. ಆ ಏಳು ರೂಪದ ಅಕ್ಷರಗಳಲ್ಲಿ ಬರೆದ ಪಟ್ಟಿಯ ಒಂದು ಹಾಳೆಯನ್ನು ಮಿತ್ರರು ತೋರಿಸಿದರು. ನನಗೆ ಓದಲು ಬರಲಿಲ್ಲ. ಮೂರನೆಯ ಸಾಲಿನ ಮೇಲೆ ಅವರು ಬೆರಳಿಟ್ಟು, ‘ಇದು ನನಗೆ ಕಾಫಿ ಕೊಟ್ಟ ತಾಯಿ’ ಎಂದರು.