1948ರಿಂದ 2021ರವರೆಗೆ: ನಮ್ಮ ತಟ್ಟೆಯೊಳಗೆ ಸರ್ಕಾರದ ಕೈ



ಗೋಹತ್ಯೆ ಕಾಯ್ದೆ ಬಗ್ಗೆ ಬರೆದಾಗೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತೆ: "ಅಂಬೇಡ್ಕರ್ ಅವರೇ ಬಿಡಿ ಅಂದಿದ್ರಲ್ಲ, ನೀವ್ಯಾಕೆ ಹಠ ಹಿಡೀತೀರಿ?" ಉತ್ತರ ಸ್ವಲ್ಪ ಉದ್ದ ಇದೆ. ಪೂರ್ತಿ ಓದಿ.

1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಬಿಡಿ ಅಂದದ್ದು ಸತ್ತ ದನದ ಮಾಂಸವನ್ನ. ಊರವರ ದನ ಸತ್ತರೆ ಹೊತ್ತು ಹಾಕೋದು ನಮ್ಮ ಕೇರಿಯ ಬಿಟ್ಟಿ ಚಾಕರಿ, ಆ ಹೆಣದ ಮಾಂಸವೇ ಅದರ ಕೂಲಿ. ಆ ಕೂಲಿಗೆ ಕೈಚಾಚಬೇಡಿ ಅಂದ್ರು. ಅದು ಸ್ವಾಭಿಮಾನದ ಮಾತು. ನಮ್ಮ ಜನ ತಾವೇ ಕೂತು ತಗೊಂಡ ತೀರ್ಮಾನ. ಪೊಲೀಸರನ್ನ ಕಳಿಸಿ ಮಾಡಿಸಿದ್ದಲ್ಲ.

1948ರಲ್ಲಿ ಬಂದ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅವರು ಇನ್ನೂ ಆಳಕ್ಕೆ ಇಳೀತಾರೆ. ವೇದಕಾಲದಲ್ಲಿ ಬ್ರಾಹ್ಮಣರೂ ದನ ತಿಂತಿದ್ರು, ಬೌದ್ಧಧರ್ಮದ ಎದುರು ಗೆಲ್ಲೋಕೆ ಬಿಟ್ಟರು, ಬಿಡಲಾಗದೆ ಉಳಿದ ಬಡವರು ಅಸ್ಪೃಶ್ಯರಾದ್ರು ಅನ್ನೋದು ಅವರ ವಾದ. ಅಂದ್ರೆ ದನದ ಮಾಂಸದ ಪ್ರಶ್ನೆ ಶುರುವಿನಿಂದಲೂ ಜಾತಿಯ ಪ್ರಶ್ನೆ.

ಅದೇ ವರ್ಷ ನವೆಂಬರ್ 24ರಂದು ಸಂವಿಧಾನ ಸಭೆಗೆ ಠಾಕೂರ್ ದಾಸ್ ಭಾರ್ಗವ ಅವರ ತಿದ್ದುಪಡಿ ಬಂತು. ಧರ್ಮದ ಕಾರಣಕ್ಕೆ ಬೇಕಿದ್ರೆ ಹಾಗಂತ ನೇರವಾಗಿ ಹೇಳಿ ಅಂತ ಝಡ್.ಎಚ್. ಲಾರಿ, ಸಯ್ಯದ್ ಮುಹಮ್ಮದ್ ಸಾದುಲ್ಲಾ ಕೇಳಿದ್ರು. ಯಾರೂ ನೇರವಾಗಿ ಬರೀಲಿಲ್ಲ. ಇವತ್ತಿನ 48ನೇ ವಿಧಿ ಓದಿ ನೋಡಿ: ಅಲ್ಲಿರೋದು ಕೃಷಿ, ಪಶುಸಂಗೋಪನೆ, ವೈಜ್ಞಾನಿಕ ಪದ್ಧತಿ. ಬಾಬಾಸಾಹೇಬರು ಆ ತಿದ್ದುಪಡಿ ಒಪ್ಪಿಕೊಂಡದ್ದು ನಿಜ. ಆದ್ರೆ ಅದು ಮೂಲಭೂತ ಹಕ್ಕುಗಳ ಭಾಗದಲ್ಲಿ ಕೂರಲಿಲ್ಲ, ನಿರ್ದೇಶಕ ತತ್ವಗಳಲ್ಲಿ ಉಳೀತು.

1958ರ ಕುರೇಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಸು ಮತ್ತು ಕರುವಿನ ವಧೆ ನಿಷೇಧವನ್ನ ಎತ್ತಿಹಿಡೀತು. ಆದ್ರೆ ದುಡಿಯಲಾಗದ ಎತ್ತು, ಹೋರಿಗಳಿಗೂ ಪೂರ್ತಿ ನಿಷೇಧ ಹಾಕೋದು ಸರಿಯಲ್ಲ ಅಂತು. ಹಾಲು-ತುಪ್ಪ ಕೊಳ್ಳಲಾಗದ ಬಡವರಿಗೆ ಈ ಮಾಂಸವೇ ಪೌಷ್ಟಿಕ ಆಹಾರ ಅನ್ನೋದನ್ನ ಆ ತೀರ್ಪು ಗಮನಿಸಿತ್ತು. ನನಗೆ ಅದನ್ನ ಓದಿದಾಗ ನೆನಪಾದದ್ದು ನಮ್ಮಜ್ಜಿ. ಉಪ್ಪು, ಅರಿಶಿನ ಹಚ್ಚಿ ಬಾಡನ್ನ ಹಗ್ಗದ ಮೇಲೆ ಒಣಗಹಾಕೋಳು. ಕೂಲಿ ಸಿಗದ ಮಳೆಗಾಲದಲ್ಲಿ ನಮ್ಮನೆ ಸಾರು ಅದೇ. 2005ರಲ್ಲಿ ಗುಜರಾತ್ ಪ್ರಕರಣದ ಏಳು ನ್ಯಾಯಮೂರ್ತಿಗಳ ಪೀಠ, ಒಬ್ಬರ ಭಿನ್ನಮತದ ನಡುವೆ, ಎತ್ತಿನ ವಧೆಗೂ ಪೂರ್ತಿ ನಿಷೇಧ ಹಾಕಬಹುದು ಅಂತು. ಬಡವರ ಸಾರಿನ ಮಾತು ಹಿಂದಕ್ಕೆ ಸರೀತು.

ಈಗ ಕರ್ನಾಟಕಕ್ಕೆ ಬನ್ನಿ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಕ್ಕೆ ಪ್ರಮಾಣಪತ್ರ ತಗೊಂಡ್ರೆ ಅವಕಾಶ ಇತ್ತು. ತಪ್ಪಿದ್ರೆ ಹೆಚ್ಚಂದ್ರೆ 6 ತಿಂಗಳು ಜೈಲು, 1,000 ರೂಪಾಯಿ ದಂಡ. 2010ರ ಮಸೂದೆಗೆ ರಾಷ್ಟ್ರಪತಿ ಅಂಕಿತ ಸಿಗಲಿಲ್ಲ, 2013ರಲ್ಲಿ ಹೊಸ ಸರ್ಕಾರ ವಾಪಸ್ ಪಡೀತು. 2020ರ ಡಿಸೆಂಬರ್ 9ರಂದು ವಿಧಾನಸಭೆಯಲ್ಲಿ ಗದ್ದಲದ ನಡುವೆ ಮತ್ತೆ ಪಾಸಾಯ್ತು. ಪರಿಷತ್ತು ದಾಟಲಿಲ್ಲ ಅಂತ ಜನವರಿಯಲ್ಲಿ ಸುಗ್ರೀವಾಜ್ಞೆ. 2021ರ ಫೆಬ್ರವರಿ 8ರಂದು ಪರಿಷತ್ತಿನಲ್ಲೂ ಗದ್ದಲ, ಧ್ವನಿಮತ. ಲಕ್ಷಾಂತರ ಮನೆಗಳ ಊಟದ ತೀರ್ಮಾನಕ್ಕೆ ಕೈ ಎತ್ತಿಸಿ ಲೆಕ್ಕ ಹಾಕುವಷ್ಟೂ ವ್ಯವಧಾನ ಇರಲಿಲ್ಲ!

ಈಗ ಎತ್ತಿಗೂ ವಿನಾಯಿತಿ ಇಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಶಿಕ್ಷೆ 3ರಿಂದ 7 ವರ್ಷ, ದಂಡ 50 ಸಾವಿರದಿಂದ 5 ಲಕ್ಷ. ಇದನ್ನ ಇನ್ನೊಂದು ಕಾನೂನಿನ ಪಕ್ಕ ಇಡಿ. ದಲಿತನಿಂದ ಬಲವಂತವಾಗಿ ಸತ್ತ ದನ ಹೊರಿಸಿದ್ರೆ ದೌರ್ಜನ್ಯ ತಡೆ ಕಾಯ್ದೆಯಡಿ ಶಿಕ್ಷೆ 6 ತಿಂಗಳಿಂದ 5 ವರ್ಷ. ನಮ್ಮ ಹೆಗಲಿಗಿಂತ ಮುದಿ ಎತ್ತಿನ ಕುತ್ತಿಗೆಗೆ ಬೆಲೆ ಜಾಸ್ತಿ.

"ತಿನ್ನೋದನ್ನ ನಿಷೇಧಿಸಿಲ್ವಲ್ಲ" ಅಂತಾರೆ. ಹೌದು, ಕೊಯ್ಯಬೇಡಿ, ಕೊಯ್ಯೋಕೆ ಮಾರಬೇಡಿ, ಸಾಗಿಸಬೇಡಿ ಅಂತಷ್ಟೇ ಇದೆ. ಕೆರೆಗೆ ಬೇಲಿ ಹಾಕಿ, ನೀರು ಕುಡಿಯೋದನ್ನ ತಡೆದಿಲ್ಲ ಅಂದ ಹಾಗಾಯ್ತು. ಮಹಾಡ್ ನೋಡಿದವರಿಗೆ ಈ ಮಾತು ಹೊಸದಲ್ಲ. ಮುದಿ ಎತ್ತು ಮಾರಿ ಹೊಸ ಜೋಡಿ ತರ್ತಿದ್ದ ಸಣ್ಣ ರೈತನ ಕೈಯೂ ಇದರಲ್ಲಿ ಕಟ್ಟಿಹೋಗಿದೆ.

ಕಾನೂನಿನ ಬೆನ್ನ ಹಿಂದೆ ಬೀದಿಯ ದೊಣ್ಣೆ ಇರುತ್ತೆ. 2002ರಲ್ಲಿ ಹರಿಯಾಣದ ದುಲೀನಾದಲ್ಲಿ ಐವರು ದಲಿತರನ್ನ ಬಡಿದು ಕೊಂದರು. 2016ರ ಜುಲೈನಲ್ಲಿ ಊನಾದಲ್ಲಿ ಸತ್ತ ದನದ ಚರ್ಮ ಸುಲಿದವರ ಬೆನ್ನ ಚರ್ಮ ಸುಲಿದರು. ಅದೇ ತಿಂಗಳು ನಮ್ಮ ಚಿಕ್ಕಮಗಳೂರಿನ ಕೊಪ್ಪದಲ್ಲೂ ದಲಿತ ಕುಟುಂಬದ ಮೇಲೆ ಹಲ್ಲೆ ಆಯ್ತು.

2017ರ ಖಾಸಗಿತನದ ತೀರ್ಪನ್ನ ನೆನಪಿಡಿ. ಆ ಅರ್ಜಿ ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಏನು ತಿನ್ನಬೇಕು ಅಂತ ಪ್ರಭುತ್ವ ಹೇಳೋದನ್ನ ಯಾರೂ ಬಯಸಲ್ಲ ಅನ್ನೋ ಅರ್ಥದ ಮಾತು ಅದರಲ್ಲಿ ನ್ಯಾ. ಚೆಲಮೇಶ್ವರ್ ಬರೆದಿದ್ದಾರೆ.

2010ರ ಮಸೂದೆ ವಾಪಸ್ ಪಡೆದ ಪಕ್ಷವೇ 2023ರಲ್ಲಿ ಗೆದ್ದು ಬಂತು. ಮೊದಲ ಎರಡು ವರ್ಷ ಕಾಯ್ದೆಯನ್ನ ಮುಟ್ಟಲೂ ಇಲ್ಲ. ವೋಟು ಕೇಳೋಕೆ ಕೇರಿಗೆ ಬಂದವರನ್ನ ಈ ಒಂದು ಪ್ರಶ್ನೆ ಕೇಳದೆ ಕಳಿಸಬೇಡಿ. ತಿನ್ನೋರು ತಿನ್ನಲಿ, ಬಿಡೋರು ಬಿಡಲಿ. ಆದ್ರೆ ಆ ತೀರ್ಮಾನ 1927ರಲ್ಲಿ ಇದ್ದ ಹಾಗೆ ನಮ್ಮ ಕೈಯಲ್ಲೇ ಇರಲಿ.

ಜೈ ಭೀಮ್.